ಉಪ್ಪುನೀರಿನ ದಂಡೆಗೆ ಬಂದ ಹುಡುಗಿ

ಮಗ ಓದಲು ಸ್ಯಾನ್ ಡಿಯೇಗೊಗೆ ಹೋದ ಮೇಲೆ ಸ್ಯಾನ್ ಹೊಸೆಯ ನಮ್ಮ ಮನೆಯಲ್ಲಿ ಅವನ ಕೋಣೆ ಖಾಲಿ ಬಿದ್ದಿತ್ತು. ನಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನಲ್ಲಿ ಜೊತೆಯವಳೊಬ್ಬಳಿಗೆ ಅದು ಗೊತ್ತಿತ್ತು. ಜನವರಿಯ ಒಂದು ದಿನ ಊಟದ ಹೊತ್ತಿನಲ್ಲಿ ಅವಳು, "ಮೂರು ವಾರಕ್ಕೆ ಒಬ್ಬ ಹುಡುಗಿಯನ್ನ ಮನೆಯಲ್ಲಿ ಇಟ್ಕೊಳ್ತೀಯಾ?" ಎಂದು ಕೇಳಿದಳು. ಹೊರದೇಶಗಳಿಂದ ಹತ್ತು ಮಂದಿ ಹುಡುಗ ಹುಡುಗಿಯರು ಬರುತ್ತಿದ್ದಾರೆ, ಊರಂಚಿನ ಕಡಲಕೊಲ್ಲಿಯ ದಂಡೆಯಲ್ಲಿ ಗಿಡ ನೆಡುತ್ತಾರೆ, ಸಂಬಳವಿಲ್ಲದ ಸೇವೆ, ಉಳಿಯಲು ಮನೆಗಳು ಬೇಕು ಎಂದಳು.

"ಇಲ್ಲಿಗಾ?" ಎಂದೆ. ನಮ್ಮ ಪರಿಚಯದವರ ಮಕ್ಕಳು ಬೇಸಿಗೆಯಲ್ಲಿ ಹೀಗೆ ಹೋಗುವುದನ್ನು ನೋಡಿದ್ದೆ. ವಾಲ್ನಟ್ ಕ್ರೀಕ್ ಊರಿನ ಗೆಳತಿಯ ಮಗಳು ಆಮೆಯ ಮೊಟ್ಟೆ ಕಾಯಲು ಕೋಸ್ಟರಿಕಾಗೆ ಹೋಗಿದ್ದಳು. ಇನ್ನೊಬ್ಬರ ಮಗ ನೇಪಾಳದಲ್ಲಿ ಶಾಲೆಯ ಗೋಡೆಗೆ ಬಣ್ಣ ಹೊಡೆದು ಬಂದಿದ್ದ. ಆದರೆ ಅಂಥದೇ ಕೆಲಸಕ್ಕೆ ಯಾರಾದರೂ ಕಡಲು ದಾಟಿ ನಮ್ಮ ಊರಿಗೆ ಬರಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ. ಆಗಲಿ ಎಂದೆ.

ಆಗ ಅಪ್ಪ ನಮ್ಮ ಜೊತೆಗಿದ್ದರು. ಮಂಡ್ಯದಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು, ಆರು ತಿಂಗಳಿಗೆಂದು ಬಂದಿದ್ದರು. ಇಡೀ ಆಯುಷ್ಯ ಓಡಾಟದಲ್ಲೇ ಕಳೆದವರಿಗೆ ಇಲ್ಲಿ ನನ್ನ ಕಾರಿಲ್ಲದೆ ಹಾಲು ತರಲೂ ಹೋಗುವಂತಿರಲಿಲ್ಲ. ನನ್ನವರು ಆ ತಿಂಗಳು ಕೆಲಸದ ಮೇಲೆ ಟೆಕ್ಸಾಸಿನಲ್ಲಿದ್ದರು. ಅಪ್ಪ ಎಲ್ಲಿಗೆ ಹೋಗೋಣ ಎಂದರೂ ನಾನು "ಶನಿವಾರ ಅಪ್ಪ" ಎನ್ನುತ್ತಿದ್ದೆ. ಶನಿವಾರ ಬಂದರೆ ಬಟ್ಟೆ, ಗ್ರೋಸರಿ, ಅಡುಗೆಯಲ್ಲೇ ಮುಗಿದುಹೋಗುತ್ತಿತ್ತು.

ಹುಡುಗಿ ಭಾನುವಾರ ಬಂದಳು. ಸ್ಕಾಟ್ಲೆಂಡಿನ ಸಣ್ಣ ಊರಿನವಳು, ಹದಿನೆಂಟು ವರ್ಷ. ಬೆನ್ನಿಗೆ ಅವಳ ಅರ್ಧದಷ್ಟು ಎತ್ತರದ ಚೀಲ. ಸ್ಕೂಲು ಮುಗಿಸಿ, ಯೂನಿವರ್ಸಿಟಿ ಸೇರುವ ಮೊದಲು ಒಂದು ವರ್ಷ ಬಿಡುವು ತೆಗೆದುಕೊಂಡಿದ್ದಳು. ಈ ಪ್ರಯಾಣಕ್ಕಾಗಿ ವಾರಾಂತ್ಯಗಳಲ್ಲಿ ಬೇಕರಿಯಲ್ಲಿ ದುಡಿದಿದ್ದಳಂತೆ. ಅಪ್ಪ ಬಾಗಿಲಲ್ಲೇ, "ಊಟ ಆಯ್ತಾ ಕೇಳವ್ವ" ಎಂದರು. ಆ ದಿನ ಮುದ್ದೆ ಸೊಪ್ಪಿನ ಸಾರು ಇತ್ತು. ಅವಳು ಮುದ್ದೆಯ ತುತ್ತನ್ನು ಬಾಯಿಗಿಟ್ಟು ಅಗಿಯತೊಡಗಿದಳು. ಹಲ್ಲಿಗೆಲ್ಲ ಮೆತ್ತಿಕೊಂಡಿತು. "ಅಗೀಬ್ಯಾಡ ಕಣವ್ವ, ನುಂಗು ನುಂಗು" ಎಂದು ಅಪ್ಪ ತಮ್ಮ ಗಂಟಲು ಮುಟ್ಟಿ ತೋರಿಸಿದರು. ಅವಳು ಕಣ್ಣು ಮುಚ್ಚಿಕೊಂಡು ನುಂಗಿದಳು. ಇಬ್ಬರೂ ನಕ್ಕರು. ಅಂದಿನಿಂದ ಅವರ ನಡುವೆ ಒಂದು ಸಲಿಗೆ ಬೆಳೆಯಿತು.

ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನಾನು ಅವಳನ್ನು ಊರಿನ ಉತ್ತರದ ಅಂಚಿಗೆ ಬಿಡುತ್ತಿದ್ದೆ. ಅಲ್ಲಿ ಹಿಂದೆ ಕಡಲ ನೀರನ್ನು ಕಟ್ಟೆ ಹಾಕಿ ನಿಲ್ಲಿಸಿ ಉಪ್ಪು ತೆಗೆಯುತ್ತಿದ್ದರು. ಈಗ ಆ ಕಟ್ಟೆಗಳನ್ನು ಅಲ್ಲಲ್ಲಿ ಒಡೆದು, ಉಬ್ಬರದ ನೀರನ್ನು ಮತ್ತೆ ಒಳಗೆ ಬಿಟ್ಟು, ಜವುಗು ಬೆಳೆಸುತ್ತಿದ್ದಾರೆ. ಆ ಮಕ್ಕಳು ಕಳೆ ಕಿತ್ತು ಸಸಿ ನೆಡಬೇಕಿತ್ತು. ಸಂಜೆ ಹುಡುಗಿ ಕೆಸರು ಬೂಟು ಹೊರಗೆ ಬಿಟ್ಟು, ಸ್ನಾನ ಮಾಡಿ, ಮಾತಿಲ್ಲದೆ ಉಂಡು ಮಲಗುತ್ತಿದ್ದಳು. ದಣಿವಿರಬೇಕು ಎಂದುಕೊಂಡೆ.

ಐದನೆಯ ದಿನ ಮಳೆ. ಕಾರು ನಿಲ್ಲಿಸಿದರೂ ಅವಳು ಇಳಿಯಲಿಲ್ಲ.

"ನಾನಿವತ್ತು ಹೋಗಲ್ಲ" ಎಂದಳು.

"ಮೈ ಹುಷಾರಿಲ್ವಾ?"

"ಚೆನ್ನಾಗೇ ಇದ್ದೀನಿ." ಫೋನ್ ತೆಗೆದು ಒಂದು ಫೋಟೋ ನನ್ನ ಕಡೆ ತಿರುಗಿಸಿದಳು. "ನನ್ನ ಫ್ರೆಂಡ್ ಒಬ್ಬಳು ಬೋರ್ನಿಯೋ ಕಾಡಲ್ಲಿದ್ದಾಳೆ. ದಿನಾ ಫೋಟೋ ಕಳಿಸ್ತಾಳೆ. ನಾನು ಇಲ್ಲಿ ಫ್ರೀವೇ ಪಕ್ಕ, ಆಫೀಸುಗಳ ಹಿಂದೆ, ಮಳೆಯಲ್ಲಿ ಕಳೆ ಕೀಳ್ತಿದ್ದೀನಿ. ಮಳೆ ನಮ್ಮೂರಲ್ಲೇ ಇತ್ತು. ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?"

ನನಗೆ ಚುರುಕ್ಕೆಂದಿತು. ಇದು ನಾನು ಹದಿನೆಂಟು ವರ್ಷ ಬಾಳಿದ ಊರು. ಆದರೆ ಅಷ್ಟು ವರ್ಷ ಆ ಜವುಗನ್ನು ಬಳಸಿ ಹೋಗುವ ರಸ್ತೆಯಲ್ಲೇ ಓಡಾಡಿದ್ದೆ, ಒಂದು ದಿನವೂ ಇಳಿದು ನೋಡಿರಲಿಲ್ಲ. ತಂಡದ ಮೇಲ್ವಿಚಾರಕನಿಗೆ ಫೋನ್ ಮಾಡಿ ತಿಳಿಸಿ ಅವಳನ್ನು ಮನೆಗೆ ಬಿಟ್ಟೆ. ಕೆಲಸಕ್ಕೆ ತಡವಾಯಿತು.

ಮಧ್ಯಾಹ್ನ ಅಪ್ಪನ ಫೋನು ಬಂತು. ಮಳೆ ನಿಂತಿತ್ತು, ಇಬ್ಬರೂ ಮನೆಯ ಹಿಂದಿನ ತೊರೆಯವರೆಗೆ ನಡೆದು ಬಂದಿದ್ದರಂತೆ.

"ಈ ನೀರು ಎಲ್ಲಿಗೋಯ್ತದೆ ಅಂತ ಇವಳ್ನ ಕೇಳವ್ವ" ಎಂದರು.

"ಅಪ್ಪ, ನಾನು ಕೆಲಸದಲ್ಲಿದ್ದೀನಿ."

"ಒಂದೇ ಮಾತು."

ಸ್ಪೀಕರಿನಲ್ಲಿ ಕೇಳಿದೆ. ಆ ತೊರೆ ಮಾರ್ಗನ್ ಹಿಲ್ ಕಡೆಯ ಬೆಟ್ಟಗಳಿಂದ ಇಳಿದು ನಮ್ಮ ಮನೆಯ ಹಿಂದೆ ಹರಿಯುತ್ತದೆ, ಅಷ್ಟು ನನಗೆ ಗೊತ್ತಿತ್ತು. ಹುಡುಗಿ ತನ್ನ ಫೋನಿನಲ್ಲಿ ನಕ್ಷೆ ತೆಗೆದು ನೋಡಿರಬೇಕು, "ಅರೆ, ಇದು ನಾವು ಗಿಡ ನೆಡೋ ಜಾಗಕ್ಕೇ ಹೋಗುತ್ತೆ" ಎಂದಳು. ಅಪ್ಪನಿಗೆ ಹೇಳಿದೆ.

"ಹಂಗಾರೆ ಒಂದ್ಸಲ ನೋಡ್ಬೇಕು."

"ಶನಿವಾರ ಅಪ್ಪ" ಎಂದು ಇಟ್ಟುಬಿಟ್ಟೆ.

ನಾಲ್ಕು ಗಂಟೆಗೆ ಮನೆಗೆ ಬಂದರೆ ಯಾರೂ ಇಲ್ಲ. ಅಪ್ಪನ ಫೋನು ಚಾರ್ಜಿಗಿಟ್ಟ ಕಡೆಯೇ ಇತ್ತು. ಹುಡುಗಿಯ ಫೋನು ಎಷ್ಟು ಬಾರಿ ಮಾಡಿದರೂ ಎತ್ತಲಿಲ್ಲ. ಕೋಣೆಗಳನ್ನೆಲ್ಲ ನೋಡಿದೆ, ತೊರೆಯವರೆಗೆ ಓಡಿ ಬಂದೆ. ಮಳೆ ಬಂದ ಮೇಲೆ ತೊರೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಅಪ್ಪನಿಗೆ ಎಪ್ಪತ್ತನಾಲ್ಕು, ಸಕ್ಕರೆ ಕಾಯಿಲೆ ಬೇರೆ. ಕೊನೆಗೆ ತಂಡದ ಮೇಲ್ವಿಚಾರಕನಿಗೆ ಫೋನ್ ಮಾಡಿದೆ.

"ನಿಮ್ಮ ತಂದೆಯಾ? ಇಲ್ಲೇ ಇದ್ದಾರಲ್ಲ" ಎಂದ ಅವನು.

ಭಯ ಹೋಗಿ ಸಿಟ್ಟು ಬಂತು. ಸಂಜೆಯ ಟ್ರಾಫಿಕ್ಕಿನಲ್ಲಿ ಹೋಗುವಷ್ಟರಲ್ಲಿ ಅದು ಇನ್ನೂ ಏರಿತ್ತು. ಕಟ್ಟೆಯ ಮೇಲೆ ಅಪ್ಪ ಯಾರದೋ ಹಳದಿ ರೇನ್‌ಕೋಟು ಹಾಕಿಕೊಂಡು, ಪಂಚೆ ಎತ್ತಿ ಕಟ್ಟಿ, ದೊಡ್ಡ ರಬ್ಬರ್ ಬೂಟುಗಳಲ್ಲಿ ನಿಂತಿದ್ದರು. ಕೈಯಲ್ಲಿ ಸಸಿಗಳ ಟ್ರೇ. ಹುಡುಗಿ ಕೆಳಗೆ ಕೆಸರಿನಲ್ಲಿ ಮಂಡಿಯೂರಿ ಕಡ್ಡಿಯಿಂದ ಗೆರೆ ಎಳೆದು ಅವರಿಗೆ ಏನೋ ತೋರಿಸುತ್ತಿದ್ದಳು.

"ಯಾರನ್ನ ಕೇಳಿ ಕರ್ಕೊಂಡು ಬಂದೆ?" ಎಂದು ಎಲ್ಲರೆದುರು ಅವಳ ಮೇಲೆ ರೇಗಿದೆ. "ಅವರಿಗೆ ಏನಾದ್ರೂ ಆಗಿದ್ರೆ? ನಿನ್ನ ಕೆಲಸ ನೀನು ಮಾಡಲ್ಲ, ನನ್ನ ತಂದೆಯನ್ನ ಇಲ್ಲಿ ತಂದು ನಿಲ್ಲಿಸಿದ್ದೀಯ!"

ಅವಳ ಮುಖ ಕೆಂಪಾಯಿತು. ಫೋನು ತಂಡದ ಲಾರಿಯಲ್ಲಿಟ್ಟ ಚೀಲದಲ್ಲಿದೆ ಎಂದೇನೋ ಹೇಳಲು ಹೋಗಿ ಅತ್ತುಬಿಟ್ಟಳು. ನಾನು ಅಪ್ಪನ ಕೈಯಿಂದ ಟ್ರೇ ಕಿತ್ತು ಕೆಳಗಿಟ್ಟೆ. ಕಾರಿನಲ್ಲಿ ಅವಳು ಹಿಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಳು.

ಅಪ್ಪನೇ ಮಾತು ತೆಗೆದರು. "ನಾನೇ ಕಣವ್ವ ಹೊರಡು ಅಂದಿದ್ದು. ಆ ಮಗು ಬ್ಯಾಡ ಬ್ಯಾಡ ಅಂತು."

"ನೀವು ಹೇಗಪ್ಪ ಹೇಳಿದ್ರಿ, ನಿಮಗೆ ಇಂಗ್ಲಿಷ್ ಬರಲ್ಲ."

"ರೈಲು ಓಡಾಡೋದು ನಂಗೆ ಕಾಣಾಕಿಲ್ವ? ಹೋಗಿ ಸ್ಟಾಪಲ್ಲಿ ಕುಂತ್ಕೊಂಡೆ. ಅವಳು ಹಿಂದ್ಗಡೆಯಿಂದ ಬಂದ್ಲು. ಇಡೀ ರೈಲಲ್ಲಿ ಆರು ಜನ, ಟಿಕೆಟ್ ಕೇಳೋನು ಒಬ್ನೂ ಇಲ್ಲ!" ಊರೊಳಗೆ ರಸ್ತೆಯ ಮೇಲೇ ಓಡುವ ಆ ಲೈಟ್ ರೈಲು ಇಳಿದು ಮುಕ್ಕಾಲು ಗಂಟೆ ನಡೆದಿದ್ದರು. ಹಾಗೆ ಹೇಳುವಾಗ ಅವರ ದನಿಯಲ್ಲಿದ್ದ ಹುರುಪನ್ನು ನಾನು ಆ ಮೂರು ತಿಂಗಳಲ್ಲಿ ಕೇಳಿರಲಿಲ್ಲ.

ಮನೆಯಲ್ಲಿ ನೀರು ಕುಡಿಯಲು ಹೋದಾಗ ಫ್ರಿಜ್ಜಿನ ಬಾಗಿಲಿನಲ್ಲಿ ಚೀಟಿ ಕಂಡಿತು. ನಿಮ್ಮ ತಂದೆ ನೀರು ನೋಡಲು ಹೊರಟಿದ್ದಾರೆ, ಒಬ್ಬರನ್ನೇ ಬಿಡಲಾರೆ, ಜೊತೆಗೆ ಹೋಗುತ್ತಿದ್ದೇನೆ, ಕತ್ತಲಾಗುವ ಮೊದಲು ಬರುತ್ತೇವೆ ಎಂದು ಬರೆದಿದ್ದಳು. ಓಡಾಟದಲ್ಲಿ ನಾನು ಅಡುಗೆಮನೆಯ ಕಡೆ ಸರಿಯಾಗಿ ನೋಡಿಯೇ ಇರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ನಾಚಿಕೆಯಾಯಿತು.

ಕ್ಷಮೆ ಕೇಳುವುದು ನನಗೆ ಸುಲಭವಲ್ಲ. ಚೀಟಿ ಹಿಡಿದುಕೊಂಡು ಅವಳ ಬಾಗಿಲು ತಟ್ಟಿದೆ. "ಇದನ್ನ ನಾನು ನೋಡಿರಲಿಲ್ಲ. ನಾನು ಹಾಗೆಲ್ಲ ಮಾತಾಡಬಾರದಿತ್ತು, ತಪ್ಪಾಯ್ತು" ಎಂದೆ.

ಅವಳು ಮೂಗು ಒರೆಸಿಕೊಂಡು, "ಅವರು ನನ್ನನ್ನ ತುಂಬಾ ಪ್ರಶ್ನೆ ಕೇಳಿದ್ರು" ಎಂದಳು. "ಬೆರಳು ತೋರಿಸಿ ತೋರಿಸಿ. ಇದೇನು, ಅದೇನು, ನೀರು ಯಾಕೆ ವಾಪಸ್ ಹೋಗ್ತಿದೆ. ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಹೋಗಿ ಹೋಗಿ ಮೇಲ್ವಿಚಾರಕರನ್ನ ಕೇಳಿ ಬಂದೆ. ಐದು ದಿನದಲ್ಲಿ ನಾನು ಅವರನ್ನ ಏನೂ ಕೇಳಿರಲಿಲ್ಲ."

ಮರುದಿನ ಶನಿವಾರ. ಅವಳು ನನಗಿಂತ ಮೊದಲೇ ಬೂಟು ಹಾಕಿಕೊಂಡು ಸಿದ್ಧಳಾಗಿದ್ದಳು. ಗ್ರೋಸರಿ ಬಿಟ್ಟು ಮೂವರೂ ಹೋದೆವು. ಬೆರಳ ಗೆಣ್ಣುಗಳನ್ನು ಪೋಣಿಸಿದಂಥ ಒಂದು ಹಸಿರು ಗಿಡದ ತುದಿ ಮುರಿದು ಅವಳು ಅಪ್ಪನ ಬಾಯಿಗಿಟ್ಟಳು. "ಅಯ್ಯೋ, ಉಪ್ಪಿನಕಾಯಿ!" ಎಂದರು ಅಪ್ಪ. ಅದರ ಬುಡದಲ್ಲಿ ಹೆಬ್ಬೆರಳ ಗಾತ್ರದ ಒಂದು ಜಾತಿಯ ಇಲಿ ಬದುಕುತ್ತದೆ, ಅದು ಈ ಕೊಲ್ಲಿಯ ಸುತ್ತ ಬಿಟ್ಟರೆ ಬೇರೆಲ್ಲೂ ಇಲ್ಲ, ಅದಕ್ಕಾಗಿಯೂ ಈ ಗಿಡ ನೆಡುತ್ತಿದ್ದೇವೆ ಎಂದು ಅವಳು ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸಿದೆ. ಅಪ್ಪ ನಂಬಲಿಲ್ಲ.

"ಇಲಿಗಾ? ಗದ್ದೇಲಿ ಇಲಿ ಓಡ್ಸೋಕೆ ನಮ್ಮಪ್ಪ ಜೀವಮಾನವೆಲ್ಲ ಬಡ್ದಾಡ್ದ. ಈ ಮಕ್ಳು ವಿಮಾನ ಹತ್ಕೊಂಡು ಬಂದು ಇಲಿಗೆ ಮನೆ ಮಾಡ್ಕೊಡ್ತವಾ?"

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವಳು ಕೆಸರಿನಲ್ಲೇ ಕೂತು ನಕ್ಕಳು. ನಾನು ಆ ದಿನ ಮೂವತ್ತು ಸಸಿ ನೆಟ್ಟೆ. ಮಂಡಿ ನೋವು ಮೂರು ದಿನ ಹೋಗಲಿಲ್ಲ. ಉಳಿದ ಎರಡು ವಾರ ಅಪ್ಪ ಬೆಳಿಗ್ಗೆ ಅವಳ ಜೊತೆಯಲ್ಲೇ ಹೊರಟು, ಮಧ್ಯಾಹ್ನ ಲೈಟ್ ರೈಲಿನಲ್ಲಿ ಒಬ್ಬರೇ ಮನೆಗೆ ಬರುತ್ತಿದ್ದರು. ಮೊದಲೆರಡು ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಆಮೇಲೆ ರೂಢಿಯಾಯಿತು.

ಹುಡುಗಿ ಹೋದಳು. ಏಪ್ರಿಲಿನಲ್ಲಿ ಅಪ್ಪನೂ ಊರಿಗೆ ಮರಳಿದರು. ಅವಳು ಈಗ ಟೀಚರ್ ಆಗಲು ಓದುತ್ತಿದ್ದಾಳೆ. ಇಲ್ಲಿ ಗಿಡ ನೆಟ್ಟದ್ದಕ್ಕೂ ಅದಕ್ಕೂ ಸಂಬಂಧವಿದೆಯಾ ಎಂದು ಕೇಳಿದರೆ ಇಲ್ಲ ಎಂದೇ ಹೇಳುತ್ತಾಳೆ. ನಾವು ನೆಟ್ಟದ್ದರಲ್ಲಿ ಬಹಳಷ್ಟು ಆ ಬೇಸಿಗೆಯಲ್ಲಿ ಒಣಗಿದವು. ಮೇಲ್ವಿಚಾರಕ ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ, ಸತ್ತ ಕಡೆ ಮತ್ತೆ ನೆಡಬೇಕು ಎಂದ, ಅಷ್ಟೆ. ತಿಂಗಳಿಗೊಂದು ಶನಿವಾರ ಈಗ ನಾನೂ ಹೋಗುತ್ತೇನೆ. ಈ ವರ್ಷ ಚಿಲಿಯಿಂದ ಹೊಸ ತಂಡ ಬಂದಿತ್ತು. ಅವರಿಗೊಂದು ಹಕ್ಕಿಯ ಹೆಸರನ್ನು ನಾನು ಧೈರ್ಯವಾಗಿ ತಪ್ಪು ಹೇಳಿದೆ. ಅವರಲ್ಲೊಬ್ಬಳು ಮೆಲ್ಲಗೆ ತಿದ್ದಿದಳು. ಅಂದು ಉಬ್ಬರದ ನೀರು ಏರಿದ್ದರಿಂದ ಕೆಲಸ ಶುರುವಾಗಲಿಲ್ಲ. ಎಲ್ಲರೂ ಕಟ್ಟೆಯ ಮೇಲೆ ಸಾಲಾಗಿ ಕೂತು, ನಾನು ತಂದಿದ್ದ ಚಿತ್ರಾನ್ನ ತಿನ್ನುತ್ತಾ, ಇಳಿತಕ್ಕೆ ಕಾದೆವು.