ಬಿಗಿ ಸ್ಪ್ರಿಂಗಿನ ಚಾಕು

ನನ್ನ ಜುಬ್ಬಗಳಿಗೆಲ್ಲ ಒಂದೇ ಕಾಯಿಲೆ. ಕೊರಳಪಟ್ಟಿ ಸವೆಯುವುದಕ್ಕೆ ಮುಂಚೆ, ಕಂಕುಳು ಪಿಸಿಯುವುದಕ್ಕೆ ಮುಂಚೆ, ಬಲಗಡೆಯ ಜೇಬಿನ ತಳ ಸೀಳಿಹೋಗಿರುತ್ತದೆ; ಚಿಲ್ಲರೆ ಕಾಸು ಬಸ್ಸಿನ ತುಂಬ ಉರುಳಾಡಿ, ಅಕ್ಕಪಕ್ಕದವರು ಬಗ್ಗಿ ಹುಡುಕಿಕೊಟ್ಟು ಪುಣ್ಯ ಕಟ್ಟಿಕೊಳ್ಳುತ್ತಾರೆ. ಕಾರಣ ಇಲಿಯಲ್ಲ, ಅಗಸನೂ ಅಲ್ಲ. ಜೇಬಿನಲ್ಲಿರುವ ಒಂದು ಮಡಿಸುವ ಚಾಕು. ಅದರ ಸ್ಪ್ರಿಂಗು ಸಡಿಲವಾಗಿದೆ. ಕೂತರೆ, ಎದ್ದರೆ, ಬಸ್ಸು ಕುಲುಕಿದರೆ ತಾನಾಗಿ ಬಾಯಿ ಬಿಟ್ಟು ಬಟ್ಟೆಯನ್ನು ಕಚ್ಚುತ್ತದೆ. "ಈ ಹಾಳು ಚಾಕನ್ನ ಅತ್ಲಾಗೆ ಬಿಸಾಕಿ ಬ್ಯಾರೆದು ತಗಳ್ರೀ, ಜಗಳೂರಾಗೆ ಚಾಕಿಗೇನು ಬರಾನಾ?" ಎಂದು ಹೆಂಡತಿ ಸೂಜಿಗೆ ದಾರ ಪೋಣಿಸುತ್ತ ಗೊಣಗುತ್ತಾಳೆ. ಬರವಿಲ್ಲ. ಚಾಕು ಆರಿಸುವುದರಲ್ಲಿ, ಅದರಲ್ಲೂ ಕಿಸೆಯಲ್ಲಿ ಕಾಸು ಕಮ್ಮಿ ಇದ್ದಾಗ ಆರಿಸುವುದರಲ್ಲಿ, ನನ್ನಷ್ಟು ಪಳಗಿದವರು ಈ ಸೀಮೆಯಲ್ಲಿ ಕಡಿಮೆಯೆಂದು ಜಂಬದಿಂದಲೇ ಹೇಳಬಲ್ಲೆ. ಆ ಜಂಬದ ಕಥೆಯನ್ನೇ ನಿಮ್ಮ ಮುಂದೆ ಬಿಚ್ಚಬೇಕೆಂದು ಕೂತಿದ್ದೇನೆ. ಅದು ಚೆನ್ನಾಗಿ ಮುಗಿಯುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ನಡುವಿನಲ್ಲಿ, ಎಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ, ಚನ್ನಗಿರಿಯ ಹತ್ತಿರದ ಒಂದು ಸರ್ಕಾರಿ ಸಸಿ ತೋಟದಲ್ಲಿ ಕಸಿ ಕಟ್ಟುವ ಕೆಲಸಕ್ಕೆ ಸೇರಿದೆ. ಹುಳಿಮಾವಿನ ಎಳೆಯ ಗಿಡವನ್ನು ಓರೆಯಾಗಿ ಸೀಳಿ, ಆ ಗಾಯದೊಳಗೆ ಸಿಹಿಮಾವಿನ ಕಡ್ಡಿಯನ್ನು ಕೂರಿಸಿ, ಎರಡೂ ತಾವು ಒಂದೇ ಮೈಯೆಂದು ನಂಬುವ ತನಕ ಬಿಗಿದು ಕಟ್ಟುವ ಕೆಲಸ ಅದು. ಸೀಳು ನುಣ್ಣಗಿರಬೇಕು; ಮೊಂಡು ಚಾಕಿನಲ್ಲಿ ಕೊಯ್ದರೆ ಸಿಪ್ಪೆ ಜಜ್ಜಿ, ಒಳಗೊಳಗೇ ಕೊಳೆತು, ಗಿಡ ಸತ್ತೇಹೋಗುತ್ತದೆ. ಚಾಕು ಅವರವರದೇ ತರಬೇಕೆಂಬುದು ಅಲ್ಲಿನ ಕಟ್ಟಳೆ. ನನ್ನ ಹತ್ತಿರ ಇದ್ದದ್ದು ಹತ್ತು ರೂಪಾಯಿ, ಮತ್ತು ಒಬ್ಬ ಅಣ್ಣ.

ಅಣ್ಣ ರುದ್ರಪ್ಪ ನನಗಿಂತ ಹದಿನಾರು ವರ್ಷಕ್ಕೆ ದೊಡ್ಡವನು. ಅಪ್ಪ ತೀರಿಕೊಂಡಾಗ ನನಗೆ ಆರು ವರ್ಷ. ಅಲ್ಲಿಂದಾಚೆಗೆ ನನ್ನ ತಲೆಗೆ ಎಣ್ಣೆ ಒತ್ತಿದವನು, ಬೆನ್ನಿಗೆ ಬಾರಿಸಿದವನು ಎಲ್ಲ ಅವನೇ. ಕತ್ತಲಗೆರೆಯ ಬಳಿ ಕಾಲುವೆ ನೀರಿನ ಗದ್ದೆ, ಒಂದು ಎತ್ತಿನ ಗಾಡಿ, ಇಷ್ಟು ನಮ್ಮ ಆಸ್ತಿ. ಚಾಕು ಬೇಕೆಂದಾಗ ಅವನು ನನ್ನ ಕೈಗೆ ದುಡ್ಡು ಕೊಟ್ಟು ಕಳಿಸಲಿಲ್ಲ. "ನಿನ್ನ ಒಬ್ನೇ ಕಳಿಸಿದ್ರೆ ಬಣ್ಣ ನೋಡಿ ಬೋಳಿಸ್ಕೊಂಡು ಬರ್ತೀಯ" ಎಂದು ನನ್ನನ್ನು ಕರೆದುಕೊಂಡು ತಾನೇ ಹೊನ್ನಾಳಿ ಸಂತೆಗೆ ಹೊರಟ.

ಸಂತೆಯಲ್ಲಿ ಬುಡೇನ್ ಸಾಬರು ಗೋಣಿತಾಟು ಹಾಸಿ, ಕುಡುಗೋಲು, ಕತ್ತರಿ, ಚಾಕುಗಳನ್ನು ಹರವಿಕೊಂಡು ಕೂತಿದ್ದರು. ನನ್ನ ಕಣ್ಣು ನೇರ ಹೋದದ್ದು ಕೆಂಪು ಹಿಡಿಯ ಒಂದು ಚಾಕಿನ ಮೇಲೆ. ಎರಡು ಅಲಗು, ಬಾಟಲಿ ಮುಚ್ಚಳ ಎತ್ತುವ ಕೊಕ್ಕೆ, ಪುಟ್ಟ ಕತ್ತರಿ, ಕಿವಿ ಕೆರೆಯುವ ಕಡ್ಡಿ ಸಹ, ಎಂಟೇ ರೂಪಾಯಿ. ಅಣ್ಣ ಅದನ್ನು ಬಿಸಿಲಿಗೆ ಎತ್ತಿ ಹಿಡಿಗೂ ಅಲಗಿಗೂ ನಡುವೆ ಬೆಳಕು ಕಾಣುತ್ತದೆಯೇ ಎಂದು ನೋಡಿದ. ಕಂಡಿತು. ಅಲಗಿನ ತುದಿ ಹಿಡಿದು ಅಲ್ಲಾಡಿಸಿದ. ಮುದುಕರ ಹಲ್ಲಿನ ಹಾಗೆ ಲೊಡಲೊಡ ಎಂದಿತು. "ಇರೋ ಕಾಸಿಗೆ ಆರು ಕೆಲಸ ಮಾಡೋ ಚಾಕು ಬ್ಯಾಡ ಕಣೋ, ಒಂದೇ ಕೆಲಸ ಮಾಡೋದು ತಗಾ. ನಮ್ಮಂಥೋರಿಗೆ ಒಂದು ನೆಟ್ಟಗಿದ್ರೆ ಸಾಕು" ಎಂದು ಅದನ್ನು ತಿರುಗಿ ಇಟ್ಟುಬಿಟ್ಟ. ನನಗೆ ಅಳು ಬರುವಂತಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಅವನು ಎತ್ತಿಕೊಂಡದ್ದು ಮೂಲೆಯಲ್ಲಿ ಬಿದ್ದಿದ್ದ, ಕರೀಮರದ ಹಿಡಿಯ, ಸಾವಿನ ಮನೆಗೆ ಹೊರಟವರ ಮುಖ ಹೊತ್ತ ಒಂದು ಚಾಕನ್ನು. "ಲಾರಿ ಅಡಿಯ ಉಕ್ಕಿನ ಪಾಟ ಬಡಿದು ಮಾಡಿದ್ದು ಮಾಲಕ್, ನಿಮ್ಮ ಮೊಮ್ಮಗನೂ ಇದ್ರಾಗೇ ಕೊಯ್ತಾನೆ" ಎಂದರು ಸಾಬರು. ಅಣ್ಣ ಮಾತಿಗೆ ಮರುಳಾಗುವವನಲ್ಲ. ಅಲಗನ್ನು ಉಗುರಿನಿಂದ ತಟ್ಟಿ ಕಿವಿಗೆ ಹಿಡಿದ; ಸಣ್ಣಗೆ ಗುಂಯ್ ಎಂದಿತು. ಮುಂಗೈಯ ಕೂದಲನ್ನು ನೀರು ಸೋಕಿಸದೆ ಬೋಳಿಸಿದ. ಮೊಳೆ ಕೂತ ಜಾಗಕ್ಕೆ ಹೆಬ್ಬೆರಳು ಒತ್ತಿದ, ಕದಲಲಿಲ್ಲ. ಕೊನೆಗೆ ಮಡಿಸಿ, ಉಗುರು ಹಾಕಿ ಎಳೆದ. ಅಲಗು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಎರಡು ಕೈ ಹಾಕಿ, ತುಟಿ ಕಚ್ಚಿ ಎಳೆದಾಗ ಟಪ್ಪೆಂದು ತೆರೆಯಿತು. "ನೋಡಿದ್ಯಾ, ಹೆಂಗೈತೆ ಬಿಗಿ! ಸುಲಭಕ್ಕೆ ಬಿಚ್ಚೋ ಚಾಕು ಸುಲಭಕ್ಕೆ ಬೆರಳ ಮ್ಯಾಲೂ ಮುಚ್ಚತೈತೆ. ಬಿಗಿ ಇರೋದೇ ತಗಾಬೇಕು" ಎಂದು ಮುಖ ಅರಳಿಸಿದ. ಅದಕ್ಕೆ ಹದಿನಾಲ್ಕು ರೂಪಾಯಿ, ಒಂದು ಕಾಸೂ ಇಳಿಯಲಿಲ್ಲ. ಹೊಸ ಚಪ್ಪಲಿಗೆಂದು ತಂದಿದ್ದ ದುಡ್ಡಿನಲ್ಲಿ ನಾಲ್ಕು ರೂಪಾಯಿ ತೆಗೆದು ಕೊಟ್ಟ ಅಣ್ಣ, ಉಂಗುಟ ಕಿತ್ತ ಹಳೆಯದಕ್ಕೆ ಗೋಣಿದಾರ ಕಟ್ಟಿಕೊಂಡು ಊರಿಗೆ ಬಂದ.

ಒಂದನ್ನು ಹೇಳುವುದು ಬಿಟ್ಟೆ, ಹೇಳಬೇಕಾದದ್ದು ಅದೇ. ಆಸೆಯಿಂದ ಕೈ ಚಾಚಿದರೆ ಅಣ್ಣ ಚಾಕನ್ನು ಕೈಗೆ ಕೊಡಲಿಲ್ಲ. ಮಡಿಸಿ, ಗೋಣಿತಾಟಿನ ಮೇಲಿಟ್ಟು, "ಎತ್ಕಾ" ಎಂದ. ಚಾಕನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ ಬರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಮಡಿಸಿ ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. "ಯಾರ ಕೂಡ ಜಗಳ ಬಂದ್ರೂ ಬರ್ಲಿ, ನಿನಗೂ ನನಗೂ ಬ್ಯಾಡಪ್ಪ" ಎಂದು ನಕ್ಕ. ಬುಡೇನ್ ಸಾಬರೂ ತಲೆಯಾಡಿಸಿದರು. ಅವರ ಮನೆಯಲ್ಲೂ ಅದೇ ಪದ್ಧತಿಯಂತೆ.

ಆಮೇಲೆ ನಾಲ್ಕು ವರ್ಷ ಆ ಚಾಕು ನನ್ನ ಆರನೆಯ ಬೆರಳಾಗಿತ್ತು. ನಾನು ಕಟ್ಟಿದ ಮೊದಲ ಕಸಿಗಿಡವನ್ನು ಅಣ್ಣನ ಹಿತ್ತಲಲ್ಲೇ ನೆಟ್ಟೆವು. ತೋಟದಲ್ಲಿ ಯಾರು ಚಾಕು ಕೇಳಿದರೂ ಮಡಿಸುವುದು, ಕಲ್ಲಿನ ಮೇಲೋ ಮಣ್ಣಿನ ಮೇಲೋ ಇಡುವುದು, ದಿನಕ್ಕೆ ಹತ್ತು ಸಲ. ಒಂದು ಪದ್ಧತಿ ಮೊದಲು ಕಿವಿಗೆ ಬೀಳುತ್ತದೆ, ಆಮೇಲೆ ತಲೆಗೆ ಹೋಗುತ್ತದೆ, ಕೊನೆಗೆ ತಲೆಯನ್ನು ಬಿಟ್ಟು ಕೈಗೆ ಇಳಿದುಬಿಡುತ್ತದೆ. ಕೈಗೆ ಇಳಿದ ಮೇಲೆ ಅದು ನಮ್ಮನ್ನು ಕೇಳುವುದಿಲ್ಲ. ನಾವು ಇದನ್ನು ಸಂಸ್ಕಾರ ಎಂದು ಹೆಮ್ಮೆಯಿಂದ ಕರೆಯುತ್ತೇವೆ, ನಾನೂ ಕರೆಯುತ್ತಿದ್ದೆ.

ಅಣ್ಣ ಆಗ ಹೊಸ ಎತ್ತಿನ ಜೋಡಿ ಕಟ್ಟಿದ್ದ. ಅದರಲ್ಲಿ ಎಡಗಡೆಯದು ನಮ್ಮ ಮನೆಯಲ್ಲೇ ಹುಟ್ಟಿದ್ದು. ತಾಯಿ ಸತ್ತ ಕರುವನ್ನು ಅತ್ತಿಗೆ ಬಾಟಲಿಯಲ್ಲಿ ಹಾಲು ಕುಡಿಸಿ, ಬಸವ ಎಂದು ಹೆಸರಿಟ್ಟು ಬೆಳೆಸಿದ್ದಳು. ಸುಗ್ಗಿಯ ಒಂದು ಬೆಳಿಗ್ಗೆ ಭತ್ತದ ಚೀಲ ಹೇರಿಕೊಂಡು ಕಾಲುವೆ ಏರಿಯ ಮೇಲೆ ಗಿರಣಿಗೆ ಹೊರಟಿದ್ದೆವು. ಎದುರಿಗೆ ಬಂದ ಲಾರಿಯೊಂದು ಹಾರನ್ ಹೊಡೆಯಿತು. ಬಸವ ಬೆದರಿ ಪಕ್ಕಕ್ಕೆ ಹಾರಿದ. ಗಾಡಿಯ ಚಕ್ರ ಏರಿಯಿಂದ ಜಾರಿ, ನೋಡನೋಡುತ್ತಿದ್ದಂತೆ ಗಾಡಿ, ಚೀಲ, ಎತ್ತು ಎಲ್ಲ ತುಂಬಿದ ಕಾಲುವೆಗೆ ಉರುಳಿದವು. ಬಲಗಡೆಯ ಎತ್ತಿನ ಕೊರಳ ಹಗ್ಗ ಹೇಗೋ ಕಿತ್ತು, ಅದು ಒದ್ದಾಡಿ ದಡ ಹತ್ತಿತು. ಬಸವನ ಕೊರಳು ನೊಗಕ್ಕೆ ಬಿಗಿದಂತೆಯೇ ಇತ್ತು, ಮುಳುಗಿದ ಗಾಡಿ ಅವನನ್ನು ಕೆಳಗೆ ಎಳೆಯುತ್ತಿತ್ತು.

ಅಣ್ಣ ಹಾರಿದ. ಬಟ್ಟೆ ಒಗೆಯುವ ಮೆಟ್ಟಿಲಿನ ಪಕ್ಕದಲ್ಲೇ, ಎದೆಮಟ್ಟದ ನೀರಿನಲ್ಲಿ ಕಾಲು ಊರಿ, ಎಡತೋಳಿನಲ್ಲಿ ಬಸವನ ದವಡೆಯನ್ನು ತಬ್ಬಿ ಮೂಗನ್ನು ನೀರಿನ ಮೇಲಕ್ಕೆ ಎತ್ತಿ ಹಿಡಿದ. ಕೊಯ್ಯಬೇಕಾದದ್ದು ಒಂದು ಹಗ್ಗ, ಹೆಬ್ಬೆರಳು ದಪ್ಪದ್ದು. "ತಮ್ಮಾ, ಚಾಕು! ಚಾಕು ಕೊಡೋ!" ಎಂದು ಕೂಗಿದ. ನನಗೆ ಈಜು ಬಾರದು. ಆದರೂ ಓಡಿದೆ, ಕೊನೆಯ ಮೆಟ್ಟಿಲ ತನಕ ಇಳಿದೆ, ಜೇಬಿನಿಂದ ಚಾಕು ತೆಗೆದೆ. ಅವನ ಬಲಗೈ ನನ್ನ ಮುಂದೆ ಒಂದು ಗೇಣಿನ ದೂರದಲ್ಲಿ ಚಾಚಿಕೊಂಡಿತ್ತು. ನಾನು ಚಾಕನ್ನು ಆ ಕೈಗೆ ಕೊಡಲಿಲ್ಲ. ಬಿಚ್ಚಲೂ ಇಲ್ಲ. ಮಡಿಸಿದ್ದ ಹಾಗೇ ಅವನ ಕೈಯ ಪಕ್ಕದ ಕಲ್ಲಿನ ಮೇಲೆ ಇಟ್ಟು, ಎತ್ತಿಕೊಳ್ಳಲಿ ಎಂದು ಒಂದು ಹೆಜ್ಜೆ ಹಿಂದೆ ಸರಿದೆ.

ಅವನು ನನ್ನ ಮುಖ ನೋಡಿದ. ಬೈಯಲಿಲ್ಲ, ಹೊತ್ತಿರಲಿಲ್ಲ. ಚಾಕನ್ನು ತಡಕಿ ಹಿಡಿದ. ಒಂದು ಕೈ ಎತ್ತಿನ ದವಡೆಯಲ್ಲಿ, ಇನ್ನೊಂದು ಕೈ ಒದ್ದೆ. ಆ ಬಿಗಿ ಸ್ಪ್ರಿಂಗು ಅವನ ಉಗುರಿಗೆ ಎಲ್ಲಿ ಬಗ್ಗೀತು? ಹಲ್ಲಿನಲ್ಲಿ ಕಚ್ಚಿ ಎಳೆದ. ಅರ್ಧ ತೆರೆದ ಅಲಗು ಹಲ್ಲಿನಿಂದ ಜಾರಿ ಟಪ್ಪೆಂದು ಅವನ ತೋರುಬೆರಳ ಮೇಲೆಯೇ ಮುಚ್ಚಿಕೊಂಡಿತು. ನೀರು ಕೆಂಪಾಯಿತು, ಚಾಕು ಮುಳುಗಿತು. ನಾನು ಅಯ್ಯೋ ಅಯ್ಯೋ ಎನ್ನುತ್ತ ನಿಂತಿದ್ದೆ. ಗದ್ದೆಯವರು ಕುಡುಗೋಲು ಹಿಡಿದು ಓಡಿ ಬರುವ ಹೊತ್ತಿಗೆ ಅಣ್ಣ ಇನ್ನೂ ಬಸವನ ತಲೆಯನ್ನು ತಬ್ಬಿಕೊಂಡೇ ಇದ್ದ, ಆದರೆ ಬಸವನ ಕಣ್ಣು ನಿಂತುಹೋಗಿತ್ತು.

ಮನೆಯಲ್ಲಿ ಅತ್ತಿಗೆ ಎಷ್ಟೋ ಹೊತ್ತು ಅತ್ತು, ಒಂದೇ ಒಂದು ಮಾತು ಕೇಳಿದಳು: "ಬಿಚ್ಚಿ ಕೈಗೆ ಕೊಡಾಕೆ ಏನಾಗಿತ್ತಪ್ಪ ನಿಂಗೆ?" ಅಣ್ಣ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಸುಮ್ನಿರೇ, ನಾನು ಕಲಿಸಿದ್ದನ್ನೇ ಅವನು ಮಾಡ್ಯಾನೆ" ಎಂದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನರ ಕಡಿದ ಆ ಬೆರಳು ಕೊಕ್ಕೆಯ ಹಾಗೆ ಬಗ್ಗಿಯೇ ಉಳಿಯಿತು. ನೇಗಿಲಿನ ಹಿಡಿ ಅದಕ್ಕೆ ಒಗ್ಗಲಿಲ್ಲ, ಗದ್ದೆಯನ್ನು ಪಾಲಿಗೆ ಕೊಟ್ಟ. ಬೇಸಿಗೆಯಲ್ಲಿ ಕಾಲುವೆಯ ನೀರು ನಿಲ್ಲಿಸಿದಾಗ ಅವನು ಯಾರಿಗೂ ಹೇಳದೆ ಹೋಗಿ, ಕೆಸರು ಕೆದಕಿ, ಚಾಕನ್ನು ಹುಡುಕಿ ತಂದ. ತಂದು ನನ್ನ ಮುಂದೆ ಕಟ್ಟೆಯ ಮೇಲಿಟ್ಟು ಒಳಗೆ ಹೋದ. ತುಕ್ಕು ತಿಂದಿತ್ತು, ಸಾಣೆಕಲ್ಲಿಗೆ ಉಜ್ಜಿದರೆ ಒಳಗಿನ ಉಕ್ಕು ಹಾಗೇ ಹೊಳೆಯಿತು. ಆರಿಸಿದವನು ಸರಿಯಾಗಿಯೇ ಆರಿಸಿದ್ದ.

ಜಗಳವಂತೂ ಬರಲಿಲ್ಲ, ನೋಡಿ. ಪದ್ಧತಿ ಫಲ ಕೊಟ್ಟಿತು. ನಮ್ಮಿಬ್ಬರ ನಡುವೆ ಒಂದು ಗಟ್ಟಿ ಮಾತೂ ಏಳಲಿಲ್ಲ, ಮೆಲ್ಲನೆಯ ಮಾತೂ ಉಳಿಯಲಿಲ್ಲ. ನಾನು ವರ್ಗ ಮಾಡಿಸಿಕೊಂಡು ಜಗಳೂರಿಗೆ ಹೋದೆ, ಒಣನೆಲದಲ್ಲಿ ಬೋರೆಗಿಡಕ್ಕೆ ಕಸಿ ಕಟ್ಟಿದೆ, ಮದುವೆಯಾದೆ. ಅಣ್ಣ ಮದುವೆಗೆ ಬಂದ, ಉಂಡ, ಹೋದ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಹಿರಿಯರು ಸಮಾಧಾನ ಹೇಳುತ್ತಿದ್ದರು. ಆ ಗಾದೆ ಕಟ್ಟಿದವನಿಗೆ ಅಣ್ಣನಿರಲಿಲ್ಲವೆಂದು ಕಾಣುತ್ತದೆ. ನಾನಂತೂ ಹತ್ತು ವರ್ಷ ಚಿಂತಿಸಿದೆ. ಒಳ್ಳೆಯ ಚಾಕು ಯಾವುದೆಂದು ಕೇಳಿದರೆ ಬಿಡಿಬಿಡಿಯಾಗಿ ಹೇಳಬಲ್ಲೆ. ಒಳ್ಳೆಯ ಪದ್ಧತಿಯನ್ನು ಯಾವ ಗಳಿಗೆಯಲ್ಲಿ ಮುರಿಯಬೇಕೆಂಬುದನ್ನು ಮಾತ್ರ ಯಾವ ಸಂತೆಯಲ್ಲೂ ತಟ್ಟಿ ಪರೀಕ್ಷೆ ಮಾಡಿ ಕೊಡುವವರಿಲ್ಲ.

ಹೋದ ಬೇಸಿಗೆಯಲ್ಲಿ ಅಣ್ಣ ಹಾಸಿಗೆ ಹಿಡಿದಿದ್ದಾನೆಂದು ಕಾಗದ ಬಂತು. ಅತ್ತಿಗೆ ತೀರಿಕೊಂಡ ಮೇಲೆ ಅವನು ಸವಳಂಗದಲ್ಲಿ ಮಗಳು ಗಂಗಳ ಮನೆಯಲ್ಲಿದ್ದ. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ನ್ಯಾಮತಿ ದಾಟಿ ಹೋದೆ. ಊರ ಹಿತ್ತಲಿನ ನಮ್ಮ ಕಸಿಮಾವು ಆ ವರ್ಷವೂ ಕಾಯಿ ಬಿಟ್ಟಿತ್ತಂತೆ, ಊರಿನವರು ನಾಲ್ಕು ಹಣ್ಣು ಕಳಿಸಿದ್ದರು. ನನ್ನನ್ನು ನೋಡಿದ ಅಣ್ಣ, "ಹಣ್ಣು ಕೊಯ್ಯಾನ, ಚಾಕು ಐತೇನೋ?" ಎಂದ. ಹತ್ತು ವರ್ಷಗಳಲ್ಲಿ ಅವನು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಚಾಕು ತೆಗೆದೆ, ಅಲಗು ಬಿಚ್ಚಿದೆ, ಹಿಡಿಯನ್ನು ಅವನ ಕಡೆಗೆ ತಿರುಗಿಸಿ ಅವನ ಕೈಗೇ ಚಾಚಿದೆ.

ಅಣ್ಣ ಅದನ್ನೂ ನನ್ನನ್ನೂ ನೋಡಿದ. "ಕೆಳಗಿಡೋ" ಎಂದ.

"ಇಲ್ಲ ಅಣ್ಣ, ಕೈಗೇ ತಗಾ" ಎಂದೆ.

"ಕೆಳಗಿಡು. ಹೋಗೋ ಹೊತ್ನಾಗೆ ನಿನ್ನ ಕೂಡ ಜಗಳ ಬ್ಯಾಡ ನಂಗೆ."

ಕಂಬಳಿಯ ಮೇಲಿಟ್ಟೆ. ಅವನು ಬಗ್ಗಿದ ಬೆರಳಿನಲ್ಲೇ ಅದನ್ನು ಎಳೆದುಕೊಂಡು, ಮಡಿಸಿ, ಮತ್ತೆ ತೆರೆದ. ಬರೀ ಹೆಬ್ಬೆರಳಿಗೆ, ಒಂದೇ ಕೈಯಲ್ಲಿ, ಚಾಕು ಸಲೀಸಾಗಿ ಬಾಯಿ ಬಿಟ್ಟಿತು. "ಸ್ಪ್ರಿಂಗು ಹೋಗೈತಲ್ಲೋ" ಎಂದ. ಹೌದೆಂದೆ. ಅವನು ಇನ್ನೊಂದು ಸಲ ಮಡಿಸಿ, ಇನ್ನೊಂದು ಸಲ ತೆರೆದು ನೋಡಿದ. "ಬ್ಯಾರೆದು ತಗಾ. ಬಿಗಿ ಇರೋದು ನೋಡಿ ತಗಾ."

ಹಣ್ಣನ್ನು ನಾನೇ ಕೊಯ್ದೆ, ಅಣ್ಣ ಒಂದು ಹೋಳು ತಿಂದ. ಆ ವಾರ ದಾಟಲಿಲ್ಲ.

ಬೇರೆಯದನ್ನು ನಾನು ತಗೊಂಡಿಲ್ಲ. ಅಣ್ಣನ ಮಾತನ್ನು ಮೀರಿದ್ದು ಬದುಕಿನಲ್ಲಿ ಇದೊಂದೇ ಸಲ, ಅದೂ ಹತ್ತು ವರ್ಷ ತಡವಾಗಿ. ಹೆಂಡತಿ ಜೇಬು ಹೊಲಿಯುತ್ತಾಳೆ, ನಾನು ಜುಬ್ಬ ತೊಟ್ಟು ಚಾಕನ್ನು ಅದರೊಳಗೇ ಇಳಿಬಿಡುತ್ತೇನೆ. ಬಸ್ಸಿನಲ್ಲಿ ಕೂತಾಗ ಅದು ಮೆಲ್ಲಗೆ ಬಿಚ್ಚಿಕೊಳ್ಳುವುದು ತೊಡೆಗೆ ತಾಗುತ್ತದೆ. ಈಗ ಅದನ್ನು ಕೇಳುವವರು ಯಾರೂ ಇಲ್ಲ.