ಕಾಗೆ ಮುಟ್ಟಿದ ದಿನ

ನೆನೆಸಿದ ಗೋಧಿ ಹುಳಿಯಾಗುವ ವಾಸನೆ ಅಷ್ಟೇನೂ ಚೆಂದದ್ದಲ್ಲ. ಮೊನ್ನೆ ಗದಗಿನ ಒಂದು ಓಣಿಯಲ್ಲಿ ಯಾರದೋ ಕಿಟಕಿಯಿಂದ ಬಂದು ಅದು ಮೂಗಿಗೆ ಬಡಿಯಿತು. ಕಾಯಿಪಲ್ಲೆಯ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಕುರಡಗಿ ಮಾಡುವ ಮನೆ. ಗೋಧಿ ನೆನೆಸಿ, ಹುಳಿ ಬರಿಸಿ, ರುಬ್ಬಿ ಹಾಲು ತೆಗೆದು, ಆ ಹಾಲನ್ನು ಕುದಿಸಿ ಗಟ್ಟಿ ಮಾಡಿ, ಒತ್ತಿ ಬಿಸಿಲಿಗೆ ಒಣಗಿಸುವ, ಸಂಡಿಗೆಯಂಥ ಕುರಡಗಿ ನಿಮ್ಮ ಮನೆಯಲ್ಲೂ ಇದ್ದಿರಬಹುದು. ಈಗ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ವಾಸನೆಯೇ ಇಲ್ಲದೆ. ನನಗೆ ಆ ಹುಳಿ ವಾಸನೆ ಎಂದರೆ ಬೆಟಗೇರಿಯ ನಮ್ಮ ಮಣ್ಣಿನ ಮಾಳಿಗೆ, ಅದರ ಮೇಲೆ ಹಾಸಿದ ಅಪ್ಪನ ಹಳೆಯ ಧೋತರ, ಕಾಗೆ ಬೆದರಿಸಲು ಬಿಚ್ಚಿಟ್ಟ ಕರಿ ಛತ್ರಿ, ಮತ್ತು ಆ ಛತ್ರಿಗೆ ಅಂಜದ ಒಂದು ಕಾಗೆ.

ನಮ್ಮ ಮನೆಯಲ್ಲಿ ಅಂಜಿಕೆಗಳಿಗೆ ಬರವಿರಲಿಲ್ಲ. ದೀಪ ಹಚ್ಚಿದ ಮೇಲೆ ಕಸ ಹೊಡೆಯುವಂತಿಲ್ಲ, ಹೊರಟವರನ್ನು ಎಲ್ಲಿಗೆ ಎಂದು ಕೇಳುವಂತಿಲ್ಲ, ಹಲ್ಲಿ ಲೊಚಗುಟ್ಟಿದರೆ ನೆಲ ಮುಟ್ಟಿ ಒಂದು ಮಾತು ಹೇಳಬೇಕು, ಖಾಲಿ ತೊಟ್ಟಿಲು ತೂಗಬಾರದು. ಇವೆಲ್ಲಕ್ಕೂ ಯಜಮಾನಿ ನಮ್ಮ ಆಯಿ, ಅಪ್ಪನ ತಾಯಿ ಗಂಗವ್ವ. ಎತ್ತರದ ಹೆಂಗಸು, ದನಿ ಇನ್ನೂ ಎತ್ತರ. ನೀವಿದನ್ನು ನಂಬುತ್ತಿದ್ದಿರಾ ಎಂದು ನನ್ನ ಮಕ್ಕಳು ಕೇಳುತ್ತಾರೆ. ನಂಬುವುದು ಬಿಡುವುದು ಆಗ ನಮ್ಮ ಕೈಯಲ್ಲಿ ಇರಲಿಲ್ಲ, ಆ ಮನೆಯ ಗಾಳಿಯೇ ಹಾಗಿತ್ತು. ಒಗ್ಗರಣೆಯ ಹೊಗೆಯ ಜತೆ ಅದೂ ಮೂಗಿಗೆ ಹೋಗುತ್ತಿತ್ತು.

ನಾನಿನ್ನೂ ಸಣ್ಣ ಹುಡುಗಿಯಾಗಿದ್ದ ಒಂದು ಬೇಸಿಗೆ ಆಯಿ ಮಾಳಿಗೆಯ ಮೇಲೆ ಬಗ್ಗಿ ಕುರಡಗಿ ತಿರುವಿ ಹಾಕುತ್ತಿದ್ದಳು. ನಾನು ಹಿಟ್ಟಿನ ಬೋಗುಣಿ ಬಳಿದು ತಿನ್ನುತ್ತಿದ್ದೆ. ಕಾಗೆ ಎಲ್ಲಿಂದ ಬಂತೋ ಕಾಣಲಿಲ್ಲ. ರೆಕ್ಕೆಯ ಸದ್ದಾಯಿತು, ಆಯಿಯ ಸೆರಗು ಜಾರಿತು, ಅವಳ ಬಿಳಿ ನೆತ್ತಿಯ ಮೇಲೆ ಅದು ಕಾಲೂರಿ ಎದ್ದು ಹೋಯಿತು. ಆಯಿ ನನ್ನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಆದರೆ ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಖಾತೂನಬಿ ಕಣ್ಣಾರೆ ಕಂಡಿದ್ದಳು. ಅವಳ ಮುಖದ ಬಣ್ಣ ಇಳಿದದ್ದು ನೋಡಿಯೇ ಇದು ಆಟವಲ್ಲ ಎಂದು ನನಗೆ ತಿಳಿದದ್ದು. ಕಾಗೆ ತಲೆ ಮುಟ್ಟಿದರೆ ಸಾವು ಮನೆ ನೋಡಿ ಹೋಯಿತೆಂದೇ ಲೆಕ್ಕ. ಅದನ್ನು ತಪ್ಪಿಸುವ ದಾರಿ ಒಂದೇ: ಸತ್ತಳೆಂದು ರಕ್ತಸಂಬಂಧಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅಳಬೇಕು. ಕಣ್ಣೀರು ಬಿದ್ದರೆ ಸಾವು ತನ್ನ ಕೆಲಸ ಮುಗಿಯಿತೆಂದು ಹಿಂದಿರುಗುತ್ತದೆ. ಅಳುವ ಮುಂಚೆ ನಿಜ ಬಾಯಿಬಿಟ್ಟರೆ ಎಲ್ಲ ಕೆಟ್ಟಿತು. ಮಗ, ಮೊಮ್ಮಕ್ಕಳು ಮನೆಯಲ್ಲೇ ಇರುವವರು, ಅವರ ಅಳು ನಡೆಯುವುದಿಲ್ಲ. ತಾನೇ ಅಳುತ್ತೇನೆಂದು ಖಾತೂನಬಿ ಮುಂದಾದಳು. ಆಯಿ ಅವಳ ಕೈ ಹಿಡಿದು, ಇದು ಸುಳ್ಳೆಂದು ಬಲ್ಲವಳು ನೀನು ಎಂದಳು.

ಹೊರಗಿದ್ದ ರಕ್ತ ಒಂದೇ, ಸಿಂಗಟಾಲೂರಿನಲ್ಲಿದ್ದ ಆಯಿಯ ತಂಗಿ ನೀಲವ್ವ. ನಾವು ಸಣ್ಣಾಯಿ ಎನ್ನುತ್ತಿದ್ದೆವು. ಅಕ್ಕತಂಗಿಯರಿಗೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅವರ ತವರು ಲಕ್ಷ್ಮೇಶ್ವರ. ಅವರ ತಾಯಿ ತೀರಿಕೊಂಡಾಗ ಸಣ್ಣಾಯಿ ಸಿಂಗಟಾಲೂರಿನಲ್ಲಿ ಹಸಿ ಬಾಣಂತಿ. ಬಾಣಂತಿಯ ಕಿವಿಗೆ ಸಾವಿನ ಸುದ್ದಿ ಬಿದ್ದರೆ ಎದೆಹಾಲು ಬತ್ತುತ್ತದೆ ಎಂದು ಆಯಿ ಯಾರಿಗೂ ಹೇಳಿ ಕಳಿಸಗೊಡಲಿಲ್ಲ. ಸಣ್ಣಾಯಿ ಕೂಸು ಎತ್ತಿಕೊಂಡು ತವರಿಗೆ ಬಂದಾಗ ತಾಯಿಯ ಜಾಗದಲ್ಲಿ ಬರೀ ಗೋಡೆ ಇತ್ತು. ಅವ್ವನ ಮುಖ ನೋಡಗೊಡದವಳ ಮುಖ ನಾನು ನೋಡುವುದಿಲ್ಲ ಎಂದು ಹೊಸ್ತಿಲಲ್ಲೇ ಹೇಳಿ ಹೋದವಳು ಮತ್ತೆ ಬಂದಿರಲಿಲ್ಲ. ಅಂಥವಳು ಅಕ್ಕನಿಗಾಗಿ ಅಳುತ್ತಾಳೆಯೇ? ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಇಂಥದಕ್ಕೆಲ್ಲ ನಗುವ ಅಪ್ಪ ಕೂಡ ಅಂದು ನಗಲಿಲ್ಲ.

ಸುದ್ದಿ ಒಯ್ಯುವ ಕೆಲಸ ಕಾಕಾನ ಪಾಲಿಗೆ ಬಂತು. ಕಾಕಾ ಅಂದರೆ ಅಪ್ಪನ ತಮ್ಮ, ಮಣ್ಣಿಗೆ ಹೋದಾಗಲೂ ನಗು ತಡೆಯಲಾರದ ಮನುಷ್ಯ. ಅವನ ಮುಖ ಯಾರೂ ನಂಬುವುದಿಲ್ಲ ಎಂದು ನನ್ನನ್ನು ಜತೆಗೆ ಹಾಕಿದರು, ನನ್ನ ಮುಖ ಆಗಲೇ ಅತ್ತು ಊದಿತ್ತು. ಒಲೆ ಆರಿಸಿದರು. ಅಳುವಿನ ಸುದ್ದಿ ಬರುವವರೆಗೆ ಆಯಿ ನೀರು ಸಹ ಮುಟ್ಟುವಂತಿರಲಿಲ್ಲ. ಹೊರಡುವಾಗ ಅವಳು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಯಾವತ್ತೂ ಅಂಜದ ಆಯಿ ಅಂಜಿದ್ದಾಳೆ ಎಂದು ನನಗೆ ಗೊತ್ತಾಯಿತು. ಬಸ್ಸು ಡಂಬಳ ದಾಟಿ ಮುಂಡರಗಿಗೆ ಹೋಗುವವರೆಗೂ ಕಪ್ಪತಗುಡ್ಡದ ಕಡೆಯ ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ಕಾಕಾ ತುಟಿ ಪಿಟಿಗುಟ್ಟಿಸುತ್ತ ಹೇಳಬೇಕಾದ ಸುಳ್ಳನ್ನು ಬಾಯಿಪಾಠ ಮಾಡುತ್ತಿದ್ದ.

ಸಣ್ಣಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಮ್ಮನ್ನು ಕಂಡು ಮೊರ ನಿಲ್ಲಿಸಿದಳು. ಕಾಕಾನ ಬಾಯಿಪಾಠ ಎಲ್ಲಿ ಹೋಯಿತೋ, "ಅವ್ವ ಹೋದ್ಲು ಚಿಗವ್ವ" ಎಂದಷ್ಟೇ ಅಂದ. ನಾನು ಅವಳ ಕಣ್ಣನ್ನೇ ನೋಡುತ್ತಿದ್ದೆ. ಅಳು, ಅಳು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವು ಒಣಗಿದ್ದವು.

"ಮುಖ ಮುಚ್ಯಾರೇನು?" ಎಂದು ಕೇಳಿದಳು.

"ಇಲ್ಲ."

"ಹಂಗಾರ ನಡಿ."

ಒಳಗೆ ಹೋಗಿ ಟ್ರಂಕು ತೆಗೆದು ಘಡಿ ಮುರಿಯದ ಒಂದು ಹೊಸ ಇಳಕಲ್ ಸೀರೆ ತಂದಳು. ಹೆಣ್ಣು ಸತ್ತರೆ ಕಡೆಯ ಸೀರೆ ತವರಿನಿಂದ ಬರಬೇಕು. ಅಣ್ಣತಮ್ಮಂದಿರಿಲ್ಲದ ಆಯಿಗೆ ತವರು ಎಂದರೆ ಇನ್ನು ಇವಳೇ. ಸೀರೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲಿಗೆ ಚಿಲಕ ಹಾಕಿದಳು. ಕಾಕಾ ನನ್ನ ಕೈಯನ್ನು ಹಿಡಿದ ಬಿಗಿಗೆ ಬೆರಳು ನೋಯುತ್ತಿದ್ದವು.

ಮರಳಿ ಬರುವ ಆ ಬಸ್ಸಿನ ಪ್ರಯಾಣದಷ್ಟು ಉದ್ದದ ಪ್ರಯಾಣ ನಾನು ಮತ್ತೆ ಮಾಡಿಲ್ಲ. ಪ್ರತಿ ನಿಲ್ದಾಣದಲ್ಲೂ ಕಾಕಾ ಅವಳ ಮುಖ ನೋಡುವನು, ನಾನೂ ನೋಡುವೆ. ಅವನು ಸಾವಿನ ಮಾತನ್ನು ಬೇಕೆಂದೇ ಕೆದಕಿದ. ಕಡೆಯದಾಗಿ ಆಯಿ ತಂಗಿಯನ್ನೇ ನೆನೆದಳು ಎಂದೂ ಸೇರಿಸಿದ. ಸುಳ್ಳಿನಲ್ಲಿ ಅಷ್ಟು ಖರೆ ಇತ್ತು. ಸಣ್ಣಾಯಿ ಕಿಟಕಿಯಿಂದ ಆಚೆ ನೋಡುತ್ತ ಒಮ್ಮೆ ಮಾತ್ರ ಬಾಯಿ ತೆರೆದಳು. "ಅವ್ವ ಸತ್ತಾಗ ಹೇಳಿ ಕಳಿಸಲಿಲ್ಲ. ತಾ ಸತ್ತು ಹೇಳಿ ಕಳಿಸಿದ್ಲು ನೋಡು." ಹೇಳಿ ನನ್ನ ತಲೆಯನ್ನು ತನ್ನ ತೊಡೆಗೆ ಒತ್ತಿಕೊಂಡಳು. ಆಯಿ ಬದುಕಿದ್ದಾಳೆ ಎಂಬ ಮಾತು ನನ್ನ ನಾಲಿಗೆ ತುದಿಯಲ್ಲಿ ಕುಳಿತಿತ್ತು. ಅದನ್ನು ಹೇಳಿದರೆ ಆಯಿ ಸಾಯುತ್ತಾಳೆ. ಗದಗು ಬರುವವರೆಗೆ ಹಲ್ಲು ಕಚ್ಚಿ ಮಲಗಿದವಳಂತೆ ಬಿದ್ದುಕೊಂಡಿದ್ದೆ.

ಬೆಟಗೇರಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅಂಗಳದಲ್ಲಿ ಜನವಿಲ್ಲ, ಭಜನೆಯಿಲ್ಲ. ಸಣ್ಣಾಯಿಯ ನಡಿಗೆ ನಿಧಾನವಾಯಿತು. ಕಾಕಾ ಹಿಂದೆಯೇ ನಿಂತುಬಿಟ್ಟ. ಹೊಸ್ತಿಲಿಗೆ ಬಂದು ನೋಡಿದರೆ ಆಯಿ ಅದೇ ಕಂಬಕ್ಕೆ ಒರಗಿ ಕುಳಿತಿದ್ದಾಳೆ, ತುಟಿ ಒಣಗಿ ಬಿರಿದಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನನ್ನ ಅವ್ವ ಅಡಿಗೆಮನೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು.

"ಕಾಗಿ ಮುಟ್ಟಿತ್ತು" ಎಂದಳು ಆಯಿ. ಆಮೇಲೆ ತಂಗಿಯನ್ನೇ ನೋಡುತ್ತ, "ಅತ್ತಿಯೇನು?"

"ಇಲ್ಲ."

ಆಯಿ ಕಣ್ಣು ಮುಚ್ಚಿಕೊಂಡಳು. ಅವಳ ಮುಖದಲ್ಲಿ ಕಂಡದ್ದು ಸಾವಿನ ಹೆದರಿಕೆ ಎಂದೇ ಆಗ ತಿಳಿದಿದ್ದೆ. ಈಗ ನನಗೆ ಬೇರೆಯೇ ಅನ್ನಿಸುತ್ತದೆ. ತಂಗಿ ತನಗಾಗಿ ಅಳಲಿಲ್ಲ ಎಂಬುದು ಕಾಗೆಗಿಂತ ಹೆಚ್ಚು ತಾಗಿರಬೇಕು. ಸಣ್ಣಾಯಿ ಸೀರೆಯನ್ನು ನೆಲಕ್ಕಿಟ್ಟಳು. ಅಲ್ಲೇ ಕುಳಿತು, ಅಕ್ಕನ ಪಾದ ಹಿಡಿದು ಅಳತೊಡಗಿದಳು. ಅವ್ವಾ ಅವ್ವಾ ಎಂದು ಅವಳು ಕೂಗಿ ಅತ್ತ ಅಳುವಿಗೆ ಓಣಿಯವರೆಲ್ಲ ಬಂದರು, ಕೆಲವರು ಆಯಿ ನಿಜವಾಗಿಯೂ ಹೋದಳೆಂದು ತಾವೂ ಅತ್ತರು.

ಆ ಕಣ್ಣೀರು ನಡೆಯುತ್ತದೆಯೇ ಎಂಬುದು ದೊಡ್ಡ ತಕರಾರಾಯಿತು. ನಿಜ ತಿಳಿದ ಮೇಲೆ ಬಿದ್ದದ್ದು ಲೆಕ್ಕಕ್ಕಿಲ್ಲ ಎಂದಳು ಖಾತೂನಬಿ. ಅವಳು ಅತ್ತದ್ದು ತಾಯಿಗಾಗಿ, ಅತ್ತೆಗಾಗಿ ಅಲ್ಲ ಎಂದಳು ನನ್ನ ಅವ್ವ. ಆಯಿ ಮಾತ್ರ ತಂಗಿಯ ತಲೆ ಸವರುತ್ತ, "ನನಗ ಮುಟ್ಟಿತು, ಸಾಕು. ಒಲಿ ಹಚ್ಚರಿ" ಎಂದಳು. ಒಲೆ ಹಚ್ಚಿದವಳು ಸಣ್ಣಾಯಿ. ಅಂದು ಅರೆ ಒಣಗಿದ ಕುರಡಗಿಯನ್ನೇ ಕರಿದು ತಿಂದೆವು. ಅದು ಅರಳಲಿಲ್ಲ, ಹಲ್ಲಿಗೆ ಅಂಟುತ್ತಿತ್ತು, ಅಷ್ಟು ರುಚಿಯಾದದ್ದು ನಾನು ತಿಂದಿಲ್ಲ.

ಆದರೂ ಮುಂದಿನ ಬೇಸಿಗೆಯವರೆಗೆ ಆಯಿ ಕೆಮ್ಮಿದರೆ ಮನೆಯೆಲ್ಲ ಸ್ತಬ್ಧ. ಅವಳೊಬ್ಬಳನ್ನೇ ಮಾಳಿಗೆ ಹತ್ತಗೊಡುತ್ತಿರಲಿಲ್ಲ. ಬೇಸಿಗೆ ಬಂದಾಗ ಸಣ್ಣಾಯಿಯೇ ಬಂದು ಅಕ್ಕನ ತಲೆಯ ಮೇಲೆ ಕರಿ ಛತ್ರಿ ಹಿಡಿದು ಕೂತಳು. ಆಮೇಲೆ ಪ್ರತಿ ಬೇಸಿಗೆಯೂ ಬಂದಳು. ಜಗಳ ಬಿಟ್ಟರೆಂದಲ್ಲ, ದಿನವಿಡೀ ಜಗಳವೇ, ಹಿಟ್ಟು ತೆಳ್ಳಗಾಯಿತು, ಉಪ್ಪು ಹೆಚ್ಚಾಯಿತು ಎಂದು. ಆ ಇಳಕಲ್ ಸೀರೆಯನ್ನು ಆಯಿ ಉಡಲಿಲ್ಲ, ಮರಳಿಸಲೂ ಇಲ್ಲ. ತಂದದ್ದು ಯಾವುದಕ್ಕೋ ಅದಕ್ಕೇ ಇರಲಿ ಎಂದು ಟ್ರಂಕಿನ ತಳಕ್ಕೆ ಹಾಕಿದಳು.

ಕಾಕಾ ಹೋದ, ಖಾತೂನಬಿ ಹೋದಳು, ಅಪ್ಪ ಅವ್ವ ಹೋದರು. ಮಣ್ಣಿನ ಮಾಳಿಗೆ ಕೆಡವಿ ಸಿಮೆಂಟು ಹಾಕಿದೆವು. ಈಗ ಅದರ ಮೇಲೆ ನೀರಿನ ಟ್ಯಾಂಕು, ಡಬರಿಯಂಥ ಟೀವಿ ಡಿಶ್ಶು. ಕಾಗೆಗಳೂ ಕಡಿಮೆಯಾಗಿವೆ. ನಂಬಿಕೆ ಇಲ್ಲದ ಮನೆಯಲ್ಲಿ ನನಗೆ ಹಾಯೆನಿಸಬೇಕಿತ್ತು, ಎನಿಸುವುದಿಲ್ಲ. ನಮ್ಮ ಸಾವನ್ನು ತಪ್ಪಿಸಲು ಒಬ್ಬರು ಅಳಲೇಬೇಕು ಎಂದು ಹಟ ಹಿಡಿಯುವ ಮಂದಿ ಈಗ ಯಾರಿದ್ದಾರೆ ಹೇಳಿ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ, ಹಣ್ಣುಹಣ್ಣು ಮುದುಕಿಯಾಗಿದ್ದ ಆಯಿ ಮಲಗಿದವಳು ಏಳಲಿಲ್ಲ. ಸಿಂಗಟಾಲೂರಿಗೆ ನಾನೇ ಫೋನು ಮಾಡಿದೆ. ಸಣ್ಣಾಯಿಯೇ ಎತ್ತಿದಳು. ಆಯಿ ಹೋದಳು ಎಂದೆ. ಅಂದು ಬಸ್ಸಿನಲ್ಲಿ ಒಂದು ಹನಿ ಉದುರಿಸದವಳು ನನ್ನ ಮಾತು ಮುಗಿಯುವ ಮುಂಚೆಯೇ ಗೋಳೆಂದು ಅಳತೊಡಗಿದಳು. ತಡೆಯಿಲ್ಲದೆ, ದನಿಯೆತ್ತಿ, ನನಗೆ ಚೆನ್ನಾಗಿ ಕೇಳಿಸಬೇಕೆಂಬಂತೆ ಅತ್ತಳು. ಆಮೇಲೆ ಅಳು ನಿಲ್ಲಿಸಿ ಸೊರ್ರೆಂದು ಮೂಗು ಸೀಟಿಕೊಂಡಳು.

"ಅತ್ನಲ್ಲವಾ," ಎಂದಳು. "ಈಗ ಖರೆ ಹೇಳು."

ಒಳಗೆ ಟ್ರಂಕಿನಿಂದ ತೆಗೆದ ಸೀರೆಯ ಘಡಿ ಬಿಚ್ಚುತ್ತಿದ್ದರು.

"ಮುಖ ಮುಚ್ಚಿಲ್ಲ ಸಣ್ಣಾಯಿ," ಎಂದೆ. "ನೀ ಬರೂತನಕ ಮುಚ್ಚಂಗಿಲ್ಲ."

ಅವಳು ಫೋನು ಇಡಲೂ ಮರೆತಿರಬೇಕು. ಆ ಕಡೆ ಬಾಗಿಲಿಗೆ ಚಿಲಕ ಹಾಕಿದ ಸದ್ದು ಕೇಳಿಸಿತು.