ಬೇರಿಯಂ ಹಚ್ಚಿದ ರೊಟ್ಟಿ

ಅವರನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಬಲಗೈಯ ಉಗುರುಗಳು. ಬೇಸಿಗೆಯ ಎರೆಹೊಲದ ಹಾಗೆ ಉದ್ದುದ್ದ ಸೀಳು ಬಿಟ್ಟು ಕಂದು ಬಣ್ಣಕ್ಕೆ ತಿರುಗಿದ್ದವು. ಬೆರಳುಗಳ ಮೇಲೆ ಒಂದು ಕೂದಲೂ ಇರಲಿಲ್ಲ, ಚರ್ಮ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು. ಎಕ್ಸ್‌ರೇ ಯಂತ್ರದ ಮುಂದೆ ರೋಗಿಯ ಹೊಟ್ಟೆ ಒತ್ತಿ ಒತ್ತಿ ಇಪ್ಪತ್ತು ವರ್ಷದಲ್ಲಿ ಆದ ಕೈ ಅದು. ಕಿರಣ ತಡೆಯುವ ಸೀಸದ ಕೈಗವಸು ಗೂಟಕ್ಕೆ ನೇತಾಡುತ್ತಲೇ ಇರುತ್ತಿತ್ತು. "ಅದನ್ನ ಹಾಕ್ಕೊಂಡ್ರ ಕೈಗೆ ಏನೂ ತಿಳಿಯೂದಿಲ್ರಿ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಮಾತು. ವಿಜಾಪುರದ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿದ್ದ ಒಂದು ಖಾಸಗಿ ದವಾಖಾನೆಯಲ್ಲಿ ಅವರು ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದರು. ಓದಿದ್ದು ಏಳನೇ ತರಗತಿಯ ಮುಲ್ಕಿ ಪರೀಕ್ಷೆಯವರೆಗೆ. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು. ದವಾಖಾನೆಯ ಮಾಲೀಕರಾದ ದೊಡ್ಡ ಡಾಕ್ಟರೂ ಹಾಗೆಯೇ ಕರೆಯುತ್ತಿದ್ದರು. ನಾನು ಡಾಕ್ಟರಿಕೆ ಮುಗಿಸಿ, ಎಕ್ಸ್‌ರೇ ಓದುವುದರಲ್ಲಿ ಇನ್ನೊಂದು ಪರೀಕ್ಷೆಯನ್ನೂ ಪಾಸು ಮಾಡಿ ಹುಬ್ಬಳ್ಳಿಯಿಂದ ಬಂದು ಅಲ್ಲಿ ಸೇರಿದ್ದೆ. ಕಾಕಾ ನನ್ನನ್ನು "ಸಣ್ಣ ಸಾಹೇಬ್ರ" ಎಂದು ಕರೆದರು. ಅವರಿಗೆ ಅದು ಗೌರವದ ಮಾತು. ಅದರಲ್ಲಿದ್ದ 'ಸಣ್ಣ' ಮಾತ್ರ ನನಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಮುಚ್ಚಿಡುವುದೇಕೆ, ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಇತ್ತು. ಒಂದು ದಿನದ್ದಲ್ಲ, ಆರು ವರ್ಷದ್ದು. ತೊಳೆದ ಫಿಲ್ಮಿನಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ದೊಡ್ಡ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಪಕ್ಕದಲ್ಲಿದ್ದ ನನ್ನನ್ನು ದಾಟಿ ಹಿಂದೆ ನಿಂತ ಅವರನ್ನು ಕೇಳುತ್ತಿದ್ದರು: "ಏನು ಕಾಣತದ ಕಾಕಾ?" ಆ ಪ್ರಶ್ನೆ ಒಂದೇ ಒಂದು ಸಲ ನನ್ನ ಕಡೆ ಬರಲಿ ಎಂದು ನಾನು ಹರಕೆ ಹೊರುವುದೊಂದು ಬಾಕಿ ಇತ್ತು.

ಕಾಕಾ ತಿಕೋಟಾದವರು. ದಿನಾ ಮುಂಜಾನೆ ಮೊದಲ ಬಸ್ಸಿಗೆ ಬರುವರು. ಬಂದ ಕೂಡಲೇ ಕೆಂಪು ಗಾಜಿನ ಕನ್ನಡಕ ಏರಿಸುವರು. ಆಗಿನ ಯಂತ್ರದ ಪರದೆಯ ಬೆಳಕು ತೀರಾ ಮಬ್ಬು, ಕತ್ತಲಿಗೆ ಕಣ್ಣು ಒಗ್ಗಬೇಕಾದರೆ ಮೊದಲೇ ಸ್ವಲ್ಪ ಹೊತ್ತು ಕೆಂಪು ಕನ್ನಡಕ ಹಾಕಿಕೊಂಡಿರಬೇಕಿತ್ತು. ಕಾಕಾ ಅದರಲ್ಲೇ ಚೌಕಕ್ಕೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಚಹಾದಂಗಡಿಯವನು "ಕಾಕಾ, ಸಿನಿಮಾಕ್ಕ ಯಾವಾಗ ಹೋಗ್ತೀರಿ?" ಎಂದು ಚೇಷ್ಟೆ ಮಾಡಿದರೆ, "ನಮ್ಮ ಸಿನಿಮಾ ಈಗ ಚಾಲೂ ಆಗತೈತಿ, ಬಾ ತೋರಸ್ತೀನಿ" ಎನ್ನುವರು.

ಆ ಸಿನಿಮಾದಲ್ಲಿ ಅವರ ಹೆಸರು ನಿಂತದ್ದು ಅನ್ನನಾಳದ ಕ್ಯಾನ್ಸರಿನಿಂದ. ಗಂಟಲಲ್ಲಿ ತುತ್ತು ನಿಲ್ಲುತ್ತದೆ ಎಂದು ಬಂದವರಿಗೆ ಬೇರಿಯಂ ಎಂಬ ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸುತ್ತಿದ್ದೆವು. ಅದು ಇಳಿಯುವ ದಾರಿ ಪರದೆಯ ಮೇಲೆ ಕಾಣುತ್ತದೆ, ಎಲ್ಲಿ ಸೊರಗುತ್ತದೋ ಅಲ್ಲಿ ಗಂಟು. ಇಷ್ಟು ಪುಸ್ತಕದಲ್ಲಿತ್ತು. ಕಾಕಾರದು ಇದಕ್ಕಿಂತ ಮುಂದಿನ ವಿದ್ಯೆ. ಅವರು ಮನೆಯಿಂದ ಒಂದು ಮೆತ್ತನೆಯ ಜೋಳದ ರೊಟ್ಟಿ ತರುತ್ತಿದ್ದರು. ಬೆರಳ ತುದಿಯಷ್ಟು ಚೂರು ಮುರಿದು, ಬೇರಿಯಂನಲ್ಲಿ ಅದ್ದಿ ನುಂಗಿಸುವರು. "ನೀರಿಗೆ ಸಂದಿ ಸಾಕ್ರಿ, ರೊಟ್ಟಿಗೆ ಬಾಗಿಲಾ ಬೇಕು. ನಮ್ಮ ಮಂದಿ ಉಣ್ಣೂದು ರೊಟ್ಟಿ, ಪರೀಕ್ಷಾನೂ ರೊಟ್ಟೀದೇ ಆಗಬೇಕು" ಎನ್ನುತ್ತಿದ್ದರು.

ಇನ್ನೊಂದು ಪದ್ಧತಿ. ಎರಡು ಇಂಚು ಉದ್ದದ ಹಳೆಯ ಕೀಲಿಕೈಯೊಂದನ್ನು ರೋಗಿಯ ಬೆನ್ನಿಗೆ ಪಟ್ಟಿಯಿಂದ ಅಂಟಿಸುವರು. ಫಿಲ್ಮಿನಲ್ಲಿ ಗಂಟಿನ ಪಕ್ಕಕ್ಕೇ ಕೀಲಿಕೈಯ ನೆರಳೂ ಬೀಳುತ್ತಿತ್ತು. ಗಂಟು ಅದಕ್ಕಿಂತ ಗಿಡ್ಡ ಇದ್ದು, ಅನ್ನನಾಳ ತನ್ನ ಗೆರೆ ಬಿಟ್ಟು ಸೊಟ್ಟಗಾಗದೆ, ಎದೆಯ ಫಿಲ್ಮಿನಲ್ಲಿ ಪುಪ್ಪುಸಗಳು ಸ್ವಚ್ಛವಿದ್ದರೆ ಆಪರೇಷನ್ನಿಗೆ ಮಿರಜಿನ ದೊಡ್ಡ ದವಾಖಾನೆಗೆ ಕಳಿಸಬಹುದು. ಉದ್ದವಿದ್ದು ಸೊಟ್ಟಗಾಗಿದ್ದರೆ ರೋಗ ಗೋಡೆ ದಾಟಿ ಹೊರಗೆ ಹೋಗಿದೆ ಎಂದು ಅರ್ಥ. ರೋಗ ಯಾವ ಹಂತದಲ್ಲಿದೆ ಎಂದು ಹೇಳಲು ನಮ್ಮಲ್ಲಿ ಇದ್ದದ್ದು ಇಷ್ಟೇ. ಈಗ ಸಿ.ಟಿ. ಸ್ಕ್ಯಾನು ಎದೆಯನ್ನು ಸೌತೆಕಾಯಿಯ ಹಾಗೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದು ತೋರಿಸುತ್ತದೆ. ಆಗ ಕೀಲಿಕೈ, ರೊಟ್ಟಿ ಮತ್ತು ಕಾಕಾರ ಕಣ್ಣು.

ನಾನು ಆ ರೊಟ್ಟಿಯ ಡಬ್ಬಿಯನ್ನು ಕಂಡು ನಗುತ್ತಿದ್ದೆ. ನಗು ಮೇಲಿನದು, ಒಳಗೆ ಉರಿಯುತ್ತಿತ್ತು. ಈ ಉಪಾಯ ನನಗೇಕೆ ಹೊಳೆಯಲಿಲ್ಲ ಎಂಬುದೇ ಆ ಉರಿ.

ಹೀಗಿರುವಾಗ ಬಬಲೇಶ್ವರದಿಂದ ನನ್ನ ಸೋದರಮಾವ ಬಂದ. ನನ್ನ ಓದಿಗಾಗಿ ಎತ್ತು ಮಾರಿದವನು. ಎದೆಯಲ್ಲಿ ಏನೋ ತಡೆದಂತಾಗುತ್ತದೆ ಎಂದ. ಅಂದು ಕಾಕಾ ಸಾರವಾಡದ ಬೀಗರ ಮನೆಯ ಮದುವೆಗೆ ಹೋಗಿದ್ದರು. ಒಳ್ಳೆಯದೇ ಆಯಿತು, ನನ್ನ ಮಾವನನ್ನಾದರೂ ನಾನೇ ನೋಡುತ್ತೇನೆ ಎಂದುಕೊಂಡೆ. ಬೇರಿಯಂ ಕುಡಿಸಿದೆ. ಸರಕ್ಕನೆ ಇಳಿಯಿತು. ಹಲಗೆಯ ಮೇಲೆ ಹಿಂದಿನ ದಿನದ ರೊಟ್ಟಿ ಡಬ್ಬಿಯಲ್ಲೇ ಇತ್ತು. ಅದರ ಕಡೆ ನೋಡಿದೆ. ನೋಡಿಯೂ ಕೈ ಚಾಚಲಿಲ್ಲ, ಆ ಮನುಷ್ಯನ ರೊಟ್ಟಿ ನನಗೇಕೆ ಬೇಕು ಅನಿಸಿತು. ಎರಡು ಫಿಲ್ಮು ತೆಗೆದು, "ಏನೂ ಇಲ್ಲ ಮಾಮಾ, ಪಿತ್ತ ಆಗೇತಿ" ಎಂದು ಗುಳಿಗೆ ಕೊಟ್ಟು ಕಳಿಸಿದೆ. ಮಾವ ಬಸ್ ನಿಲ್ದಾಣದಲ್ಲಿ ಸಿಕ್ಕವರಿಗೆಲ್ಲ ನನ್ನ ಅಳಿಯಾನೇ ಫೋಟೋ ತಗದಾನ ಎಂದು ಹೇಳಿಕೊಂಡು ಹೋದ.

ಮರುದಿನ ಕಾಕಾ ಬಂದು ಒಣಗಲು ಹಾಕಿದ್ದ ಫಿಲ್ಮುಗಳ ಮುಂದೆ ಬಹಳ ಹೊತ್ತು ನಿಂತರು.

"ಸಣ್ಣ ಸಾಹೇಬ್ರ, ಮಾವಾರು ಮನ್ಯಾಗ ಏನು ಉಣ್ಣತಾರ್ರಿ?"

"ರೊಟ್ಟಿ. ಮತ್ತೇನು ಉಣ್ಣತಾರ?"

"ಹೆಂಗ ಉಣ್ಣತಾರ? ಮುರಕೊಂಡೋ, ನೆನಸಿಕೊಂಡೋ?"

"ಹಲ್ಲು ಹೋಗ್ಯಾವ ಅಂತ ಅತ್ತಿ ಹಾಲಾಗ ನೆನಸಿ ಕೊಡತಾಳ."

"ಹಲ್ಲು ಎಷ್ಟು ಹೋಗ್ಯಾವರಿ?"

ನನಗೆ ಗೊತ್ತಿರಲಿಲ್ಲ. ಮಾವನ ಬಾಯಿ ತೆರೆಸಿ ನೋಡಿಯೇ ಇರಲಿಲ್ಲ. ನಮ್ಮ ಕಡೆ ಗಂಡಸರು ರೊಟ್ಟಿ ನುಂಗಲು ಬರುವುದಿಲ್ಲ ಎಂದು ಸುಲಭಕ್ಕೆ ಒಪ್ಪುವುದಿಲ್ಲ. ಮೊದಲು ಖಡಕ್ ರೊಟ್ಟಿ ಬಿಡುತ್ತಾರೆ, ಆಮೇಲೆ ಬಿಸಿರೊಟ್ಟಿ, ಆಮೇಲೆ ನೆನೆಸಿದ್ದು, ಕೊನೆಗೆ ಅಂಬಲಿ. ಅಷ್ಟೂ ದಿನ ದೂರು ಹಲ್ಲಿನ ಮೇಲೆಯೇ. ಕಾಕಾ ಇದನ್ನು ಸಾವಿರ ಸಲ ಕೇಳಿದ್ದವರು.

ಅವರು ನನಗೆ ಬುದ್ಧಿ ಹೇಳಲಿಲ್ಲ. ರವಿವಾರ ತಾವೇ ಬಸ್ಸು ಹತ್ತಿ ಬಬಲೇಶ್ವರಕ್ಕೆ ಹೋಗಿ ಮಾವನನ್ನು ಕರೆತಂದರು. ಮಾವನ ಬಾಯಲ್ಲಿ ಎರಡು ಹಲ್ಲು ಬಿಟ್ಟರೆ ಉಳಿದೆಲ್ಲ ಗಟ್ಟಿಯಾಗಿದ್ದವು. ಕತ್ತಲ ಕೋಣೆಯಲ್ಲಿ ರೊಟ್ಟಿಯ ಚೂರು ಇಳಿಯಿತು, ಎದೆಯ ನಡುವೆ ಬಂದು ನಿಂತಿತು. ಮುಂದಕ್ಕೆ ಹೋಗಲೊಲ್ಲದು. ಪರದೆಯ ಹಸಿರು ಬೆಳಕಿನಲ್ಲಿ ಆ ಸಣ್ಣ ಕಪ್ಪು ಚುಕ್ಕೆ ನಿಂತಲ್ಲೇ ಅಲುಗಾಡುವುದನ್ನು ನೋಡಿದೆ.

ಗಂಟು ಕೀಲಿಕೈಗಿಂತ ಗಿಡ್ಡದಿತ್ತು. ಗೆರೆ ನೆಟ್ಟಗಿತ್ತು. ಪುಪ್ಪುಸ ಸ್ವಚ್ಛ. "ಮಿರಜಿಗೆ ನಾಳೇನೇ ಹೋಗ್ರಿ. ದೀಪಾವಳಿ ತನಕ ಬಿಟ್ಟಿದ್ರ ನಾ ಹೋಗ್ರಿ ಅಂತಿದ್ದಿಲ್ಲ" ಎಂದರು ಕಾಕಾ. ಮಾವನಿಗೆ ಆಪರೇಷನ್ ಆಯಿತು. ಅದಾದ ಮೇಲೆ ಎಂಟು ವರ್ಷ ಬದುಕಿದ.

ಒಬ್ಬನೇ ರೋಗಿಗೆ ಎರಡು ಸಲ ಏಕೆ ತೆಗೆದದ್ದು ಎಂದು ದೊಡ್ಡ ಡಾಕ್ಟರು ಕೇಳದೆ ಇರಲಿಲ್ಲ. ಕಾಕಾ ಆಗಲೇ ರಿಜಿಸ್ಟರಿನಲ್ಲಿ ತಮ್ಮ ಗುಂಡು ಅಕ್ಷರದಲ್ಲಿ ಬರೆದುಬಿಟ್ಟಿದ್ದರು: ಫಿಲ್ಮು ತೊಳೆಯುವ ಔಷಧ ಹಳೆಯದಾಗಿ ಮೊದಲಿನದು ಕೆಟ್ಟಿತ್ತು.

"ಇಷ್ಟು ವರ್ಷದಾಗ ಹಿಂಗ ಮಾಡಿದವರಲ್ಲ ನೀವು" ಎಂದರು ದೊಡ್ಡ ಡಾಕ್ಟರು.

"ವಯಸ್ಸಾತ್ರಿ" ಎಂದರು ಕಾಕಾ.

ನಾನು ಅಲ್ಲೇ ನಿಂತಿದ್ದೆ. ಒಂದು ಮಾತು ಆಡಲಿಲ್ಲ. ಹೊರಗೆ ಬಂದ ಮೇಲೆ ನನಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಕಣ್ಣು ಅವರದೇ ದೊಡ್ಡದು, ಈಗ ಮನಸ್ಸೂ ಅವರದೇ ದೊಡ್ಡದಾಯಿತಲ್ಲ, ನನಗೆ ಏನು ಉಳಿಯಿತು ಅನಿಸಿತು.

ಮಾವ ಬೇರೆ ಉರಿಯುವ ಬೆಂಕಿಗೆ ತುಪ್ಪ ಸುರಿದ. ಹೊಲದಲ್ಲಿ ಏನೇ ಬರಲಿ, ಹಸಿ ಕಡಲೆಯ ಗಿಡವಿರಲಿ, ಎಳೆಯ ಜೋಳದ ಸೀತನಿಯಿರಲಿ, ಮೊದಲು ತಿಕೋಟಾಕ್ಕೆ ಹೋಗುತ್ತಿತ್ತು, ಉಳಿದದ್ದು ನನ್ನ ಮನೆಗೆ. "ನೀ ಡಾಕ್ಟರ್ ಅದಿಯಪ್ಪಾ, ಖರೆ. ಆದ್ರ ಕಾಕಾ ನನಗ ರೊಟ್ಟಿ ಕೊಟ್ಟಾನ" ಎಂದು ನನ್ನ ಎದುರಿಗೇ ಹೇಳುತ್ತಿದ್ದ. ಮೊದಲ ಫಿಲ್ಮಿನ ನಿಜ ಅವನಿಗೂ ಗೊತ್ತಿರಲಿಲ್ಲ.

ಮೂರು ವರ್ಷಗಳ ನಂತರ ಕಾಕಾರ ನಡುಬೆರಳಿನ ಉಗುರಿನ ಸಂದಿಯಲ್ಲಿ ಒಂದು ಹುಣ್ಣಾಯಿತು, ಮಾಯಲಿಲ್ಲ. ಬೆರಳು ತೆಗೆದರು. ಆಮೇಲೆ ಬಗಲಲ್ಲಿ ಗಂಟಾಯಿತು. ಯಾವ ಕಿರಣದಿಂದ ಊರವರ ರೋಗ ಕಂಡುಹಿಡಿದರೋ ಅದೇ ಅವರ ಕೈಯನ್ನು ತಿಂದಿತ್ತು. ಒಂದು ಮಧ್ಯಾಹ್ನ, ದೊಡ್ಡ ಡಾಕ್ಟರು ಊರಲ್ಲಿಲ್ಲದಾಗ, ಅಂಗಿ ಬಿಚ್ಚಿ ತಾವೇ ಯಂತ್ರದ ಮುಂದೆ ಎದೆಯೊತ್ತಿ ನಿಂತು, "ಸ್ವಿಚ್ ಒತ್ತರಿ ಸಣ್ಣ ಸಾಹೇಬ್ರ" ಎಂದರು. ಒತ್ತಿದೆ. ಫಿಲ್ಮನ್ನು ನಾನೇ ತೊಳೆದೆ. ಅವರು ಪಟ್ಟಿ ಸುತ್ತಿದ ಕೈಯಿಂದ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನತ್ತ ತಿರುಗಿದರು.

"ಏನು ಕಾಣತೈತಿ, ತಮ್ಮಾ?"

ಆರು ವರ್ಷ ಕಾದಿದ್ದ ಪ್ರಶ್ನೆ. ಪುಪ್ಪುಸದ ತುಂಬ ಅಲ್ಲಲ್ಲಿ ದುಂಡು ನೆರಳುಗಳಿದ್ದವು. ಸುಳ್ಳು ಹೇಳೋಣವೆಂದರೆ ಕೇಳುತ್ತಿರುವವರು ಅವರು.

"ಎಡಕ್ಕ ಮೂರು, ಕಾಕಾ. ಬಲಕ್ಕ ಎರಡು."

"ಬರೋಬರಿ ನೋಡಿದಿ" ಎಂದರು. ಆಮೇಲೆ, "ಬಲಕ್ಕ ಕೆಳಗ ಇನ್ನೊಂದೈತಿ. ಪಕ್ಕೆಲುಬಿನ ಹಿಂದ. ಅದನ್ನ ಬಿಟ್ಟಿ" ಎಂದರು.

ಹತ್ತಿರ ಹೋಗಿ ನೋಡಿದೆ. ಇತ್ತು. ದೇವರ ಮುಂದೆ ನಿಂತು ಹೇಳುವ ಹಾಗೆ ಹೇಳುತ್ತೇನೆ, ತಮ್ಮ ಸಾವನ್ನು ತಾವೇ ಎಣಿಸುತ್ತಿದ್ದ ಆ ಮನುಷ್ಯನ ಮೇಲೆ ಆ ಕ್ಷಣದಲ್ಲೂ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಮಾವನ ಮೊದಲ ಫಿಲ್ಮಿನ ಮಾತು ಎತ್ತಲು ಹೋದರೆ, "ಇರಲಿ ಬಿಡ, ಮಾವಾರು ರೊಟ್ಟಿ ಉಣ್ಣತಾರಿಲ್ಲೋ" ಎಂದು ಅಂಗಿ ಹಾಕಿಕೊಂಡರು.

ಯುಗಾದಿಗೆ ಮೊದಲೇ ಹೋದರು. ಮಣ್ಣು ಮಾಡಿ ತಿಕೋಟಾದಿಂದ ಬಂದವನು ನೆಟ್ಟಗೆ ದವಾಖಾನೆಗೆ ಹೋಗಿ ಹಳೆಯ ರಿಜಿಸ್ಟರು ತೆಗೆದೆ. ಅವರ ಗುಂಡು ಅಕ್ಷರದ ಕೆಳಗೆ, ಫಿಲ್ಮು ಸರಿಯಾಗಿತ್ತು, ತಪ್ಪು ನೋಡಿದವನು ನಾನು ಎಂದು ಬರೆದು ಸಹಿ ಮಾಡಿ ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಓದಿ ರಿಜಿಸ್ಟರು ಮುಚ್ಚಿಟ್ಟರು. ಮರುದಿನದಿಂದ ನಾನೂ ಮನೆಯಿಂದ ಒಂದು ರೊಟ್ಟಿ ಒಯ್ಯತೊಡಗಿದೆ.

ಈಗಲೂ ಯಾರದೇ ಎದೆಯ ಫಿಲ್ಮು ಕೈಗೆ ಬಂದರೆ ನೆರಳುಗಳನ್ನು ಎಣಿಸುತ್ತೇನೆ. ಎಣಿಸಿ ಮುಗಿದ ಮೇಲೆ ಇನ್ನೊಮ್ಮೆ ಬಲಕ್ಕೆ ಕೆಳಗೆ, ಪಕ್ಕೆಲುಬಿನ ಹಿಂದೆ ನೋಡುತ್ತೇನೆ.